ಕೊಬ್ಬರಿ ಎಣ್ಣೆಯ ಕ್ಯಾನಿನಲ್ಲಿ ದ್ರಾಕ್ಷಾರಸ

ಚಿಲ್ಲರೆಯಾಗಿ ಕೊಳ್ಳುವುದಕ್ಕೂ ಒಂದು ಸಂಸ್ಕಾರ ಬೇಕು. ಅದು ನಮ್ಮ ವಂಶದಲ್ಲಿಲ್ಲ. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ನಡೆಸಿಕೊಂಡು ಬಂದ ಮನೆ ನಮ್ಮದು. ಯೋಚನೆಗಳೂ ನಮಗೆ ಮೂಟೆಯಲ್ಲೇ ಬರುತ್ತವೆ. ನಮ್ಮ ತಾತ ಒಂದು ಕೊಡೆ ತರಲು ಪೇಟೆಗೆ ಹೋಗಿ, ಸಗಟಿನಲ್ಲಿ ಅಗ್ಗವೆಂದು ಕೊಡೆಯ ಕಟ್ಟನ್ನೇ ಹೊತ್ತು ತಂದರಂತೆ. ಆ ವರ್ಷ ಮಳೆ ಬರಲಿಲ್ಲ. ಆ ಕೊಡೆಗಳು ಈಗಲೂ ಅಟ್ಟದಲ್ಲಿ ನೇತಾಡುತ್ತಿವೆ; ನೆಂಟರೆಂದು ತಿಳಿದು ಬಾವಲಿಗಳೂ ಬಂದು ಜೊತೆಗೂಡಿವೆ. ನಾನೂ ಒಂದು ಬಾಚಣಿಗೆ ತರಲು ಹೋಗಿ ಬಾಚಣಿಗೆಯ ಪೆಟ್ಟಿಗೆಯನ್ನೇ ತಂದವನೇ. ಕೊಂಡ ಮೇಲೆ ಕೊಸರು ಕೇಳದೆ ಬಂದ ದಿನ ನನಗೆ ಅನ್ನ ಸೇರುವುದಿಲ್ಲ.

ಈ ವಂಶಪಾರಂಪರ್ಯ ರೋಗವನ್ನು ಹೊತ್ತುಕೊಂಡೇ ನಾನು ವಿದೇಶಕ್ಕೆ ಹೋದದ್ದು. ಎಂಬತ್ತರ ದಶಕದ ಮೊದಲಲ್ಲಿ ತೆಂಗು ಬೆಳೆಗಾರರ ಒಂದು ತಂಡವನ್ನು ಅಧ್ಯಯನಕ್ಕೆಂದು ಇಟಲಿಗೆ ಕಳುಹಿಸಿದರು. ಇಟಲಿಯಲ್ಲಿ ತೆಂಗಿನಮರವಿಲ್ಲ. ಈ ಸಂಗತಿ ಕಳುಹಿಸಿದವರಿಗೂ ಗೊತ್ತಿತ್ತು, ಹೊರಟ ನಮಗೂ ಗೊತ್ತಿತ್ತು. ತೆಂಗಿಲ್ಲದೆ ಮನುಷ್ಯರು ಹೇಗೆ ಬದುಕುತ್ತಾರೆ ಎಂಬುದನ್ನೂ ಯಾರಾದರೂ ಅಧ್ಯಯನ ಮಾಡಬೇಕಲ್ಲ ಎಂದು ಪರಸ್ಪರ ಸಮಾಧಾನ ಮಾಡಿಕೊಂಡೆವು. ನನ್ನಾಕೆ ಚಟ್ನಿಪುಡಿ, ಒಣರೊಟ್ಟಿಗಳ ಜೊತೆಗೆ ದೊಡ್ಡದೊಂದು ಬಿಳಿ ಪ್ಲಾಸ್ಟಿಕ್ ಕ್ಯಾನಿನ ತುಂಬ ಕೊಬ್ಬರಿ ಎಣ್ಣೆ ಕೊಟ್ಟಳು. "ಆ ಜನಕ್ಕೆ ಎಣ್ಣೆ ಅಂದ್ರೆ ಏನು ಅಂತ್ಲೇ ಗೊತ್ತಿರಲ್ಲ ಕಣ್ರೀ, ಎಲ್ರಿಗೂ ಹಂಚಿ" ಎಂದಳು.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ನಾನು ಆಗ ನಮ್ಮ ಕಡೆಯ ಪಾನನಿರೋಧ ಸಮಿತಿಯ ಅಧ್ಯಕ್ಷ. ಮದ್ಯವನ್ನು ನಾಲಗೆಗೆ ತಾಗಿಸಿದವನಲ್ಲ. ಸಮಿತಿಯಲ್ಲಿ ಹಾಗೆಂದು ಧೈರ್ಯವಾಗಿ ಹೇಳಬಲ್ಲವನು ನಾನೊಬ್ಬನೇ ಆದ್ದರಿಂದ ಆಯ್ಕೆ ಅವಿರೋಧವಾಗಿತ್ತು. ಊರೂರಿಗೆ ಹೋಗಿ ಭಾಷಣ ಮಾಡುತ್ತಿದ್ದೆ. ನನ್ನ ಭಾಷಣ ಕೇಳಿ ಕುಡಿತ ಬಿಟ್ಟವನು ಒಬ್ಬನೂ ಇರಲಿಲ್ಲ. ಕೇಳಿದ ಬೇಸರಕ್ಕೆ ಕುಡಿಯಲು ಹಿಡಿದವರು ಒಂದಿಬ್ಬರಿದ್ದರೆಂದು ಸುದ್ದಿ. ಇಂಥ ನನಗೇ ನಮ್ಮ ಡಾಕ್ಟರು, ಹೊರಡುವ ಮುನ್ನ ನಾಡಿ ಹಿಡಿದುಕೊಂಡು, "ಅಲ್ಲಿನ ದ್ರಾಕ್ಷಾರಸ ಬಲು ಶ್ರೇಷ್ಠ ಕಣ್ರೀ, ಒಂದೇ ಒಂದು ಬಾಟ್ಲಿ ತನ್ನಿ, ಅಧ್ಯಕ್ಷರ ಸಾಮಾನನ್ನ ಯಾರು ಅನುಮಾನಿಸ್ತಾರೆ?" ಎಂದರು. ಹಿಡಿದ ಕೈಯನ್ನು ನಾನು ಒಪ್ಪುವವರೆಗೆ ಬಿಡಲಿಲ್ಲ.

ಇಟಲಿಯ ಒಂದು ಹಳ್ಳಿಯಲ್ಲಿ ದ್ರಾಕ್ಷಾರಸ ಮಾರುವ ಮನೆಗೆ ಹೋದೆವು. ನಮ್ಮಲ್ಲಿ ಗಾಣದ ಮುಂದೆ ನಿಲ್ಲುವಂತೆಯೇ ಜನ ತಮ್ಮ ತಮ್ಮ ಕ್ಯಾನು ಹಿಡಿದು ನಿಂತಿದ್ದರು; ಮುದುಕನೊಬ್ಬ ಪೀಪಾಯಿಯ ನಲ್ಲಿ ತಿರುಗಿಸಿ ತುಂಬಿಕೊಡುತ್ತಿದ್ದ. ನಾನು ಬಾಟಲಿಯ ಬೆಲೆ ಕೇಳಿ ಜೇಬಿಗೆ ಕೈ ಹಾಕುವಷ್ಟರಲ್ಲಿ, ತಂಡದಲ್ಲಿದ್ದ ನನ್ನ ಬಾಲ್ಯಸ್ನೇಹಿತ, ತುರುವೇಕೆರೆಯ ಪರಮೇಶಿ, ಮೊಣಕೈಯಲ್ಲಿ ತಿವಿದ.

"ಲೇ ಅಧ್ಯಕ್ಷ, ಬಾಟ್ಲಿಗೆ ಗಾಜಿಗೂ ಕಾಸು, ಚೀಟಿಗೂ ಕಾಸು ಕಣ್ಲಾ. ಕ್ಯಾನಲ್ಲಿ ತಗಂಡ್ರೆ ಅರ್ಧಕ್ಕರ್ಧ ಅಗ್ಗ."

"ನನಗೆ ಬೇಕಾಗಿರೋದು ಒಂದು ಬಾಟ್ಲಿ ಕಣ್ಲಾ."

"ಬೇಕಾದಷ್ಟೇ ತಗಳಕೆ ನೀನೇನು ಮೇಷ್ಟ್ರಾ?"

ಈ ಮಾತು ನನ್ನೊಳಗಿದ್ದ ತಾತನನ್ನು ಎಬ್ಬಿಸಿತು. ಬಸ್ಸಿನಲ್ಲಿದ್ದ ಎಣ್ಣೆ ಕ್ಯಾನನ್ನು ತಂದೆ. ಹಂಚಿದ ಮೇಲೆ ಅದರ ತಳದಲ್ಲಿ ಉಳಿದಿದ್ದ ಎಣ್ಣೆ ಆ ದೇಶದ ಚಳಿಗೆ ಹೆಪ್ಪುಗಟ್ಟಿತ್ತು. ಮುದುಕ ಬೈಯುತ್ತಾನೆಂದುಕೊಂಡರೆ, ಇಣುಕಿ ನೋಡಿದವನು ನನ್ನ ಬೆನ್ನು ತಟ್ಟಿದ. ಗಾಳಿ ತಾಗಿದರೆ ದ್ರಾಕ್ಷಾರಸ ಹುಳಿಯುವುದರಿಂದ ಅವರೂ ಜಾಡಿಗಳಲ್ಲಿ ಮೇಲೊಂದು ಪದರ ಎಣ್ಣೆ ಬಿಡುವುದುಂಟಂತೆ. ನನ್ನನ್ನು ಹಳೆಯ ಕಸುಬುದಾರನೆಂದು ತಿಳಿದನೆಂದು ನಮ್ಮ ದುಭಾಷಿ ವಿವರಿಸಿದ. ಕ್ಯಾನು ತುಂಬಿದ ಮೇಲೆ ನಾನು ಅದನ್ನು ಮತ್ತೆ ನಲ್ಲಿಯ ಕೆಳಕ್ಕೆ ತಳ್ಳಿ ನಿಂತೆ. ಕೊಸರಿಗೆ ದುಭಾಷಿ ಬೇಕಾಗಲಿಲ್ಲ. ಮುದುಕ ನಗುತ್ತ ಕಂಠದವರೆಗೆ ತುಂಬಿಸಿದ.

ನಾವು ಇಳಿದುಕೊಂಡಿದ್ದ ಕೋಣೆಯ ಬಿಸಿಗೆ ಎಣ್ಣೆ ಕರಗಿ ಮೇಲಕ್ಕೆ ಬಂತು. ಮತ್ತೆ ಚಳಿಗೆ ಬೆಳ್ಳಗೆ ಗಟ್ಟಿಯಾಗಿ ಮುಚ್ಚಳದಂತೆ ಕೂತಿತು. ಬೊಂಬಾಯಿಯ ವಿಮಾನ ನಿಲ್ದಾಣದಲ್ಲಿ ಸುಂಕದ ಅಧಿಕಾರಿ ಕ್ಯಾನು ತೆಗೆದು ಮೂಸಿದ. ಕೊಬ್ಬರಿ ಎಣ್ಣೆ. ಯಾವ ಊರಿಗೆಂದು ಕೇಳಿದ. ತಿಪಟೂರಿಗೆಂದೆ. ಇಟಲಿಯಿಂದ ತಿಪಟೂರಿಗೆ ಕೊಬ್ಬರಿ ಎಣ್ಣೆ ಹೊತ್ತು ತರುವ ಮನುಷ್ಯನನ್ನು ಅವನು ಒಂದು ಕ್ಷಣ ಕರುಣೆಯಿಂದ ನೋಡಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ ಬಿಟ್ಟುಬಿಟ್ಟ.

ಮನೆ ಮುಟ್ಟಿದ ದಿನವೇ ಸಂಜೆ ನೊಣವಿನಕೆರೆ ಮಠದಲ್ಲಿ ನನ್ನ ಪಾನನಿರೋಧ ಭಾಷಣವಿತ್ತು. ಹೋಗುವ ದಾರಿಯಲ್ಲಿ ಕ್ಯಾನನ್ನು ಡಾಕ್ಟರ ಮನೆಗೆ ದಾಟಿಸಿಬಿಟ್ಟರೆ ಅಧ್ಯಕ್ಷನ ಮಾನ ಉಳಿಯಿತೆಂಬುದು ನನ್ನ ಲೆಕ್ಕ. ಆದರೆ ನನ್ನಾಕೆ ಅದನ್ನು ಎತ್ತಿ ನೋಡಿದಳು.

"ಏನ್ರೀ, ಕೊಟ್ಟ ಎಣ್ಣೆ ಕೊಟ್ಟಂಗೇ ತಂದಿದೀರ! ತಲೆ ನೋಡಿ, ತೆಂಗಿನ ನಾರಾಗೈತೆ. ಕುಂತ್ಕಳಿ ಮಣೆ ಮೇಲೆ."

"ಭಾಷಣಕ್ಕೆ ಹೊತ್ತಾಯ್ತು ಕಣೇ."

"ದೇಶ ಸುತ್ತಿ ಬಂದೋರು ಎಣ್ಣೆ ನೀರು ಹಾಕ್ಕಳ್ದೆ ಮಠಕ್ಕೆ ಹೋಗ್ತಾರಾ?"

ನಿರಾಕರಿಸಲು ಕಾರಣ ಹೇಳಬೇಕು, ಕಾರಣ ಕ್ಯಾನಿನಲ್ಲಿತ್ತು. ಮೇಲಿನ ಪದರದ ಎಣ್ಣೆ ಒಂದು ತಲೆಗೆ ಸಾಲಬಹುದೆಂದು ಶಿವನ ಮೇಲೆ ಭಾರ ಹಾಕಿ ಕಣ್ಣು ಮುಚ್ಚಿ ಕೂತೆ. ಸಾಲುತ್ತಿತ್ತು. ಆದರೆ ಅವಳೂ ಮಂಡಿ ಮನೆಯ ಹೆಣ್ಣು. ಬಟ್ಟಲಿಗೆ ಬಗ್ಗಿಸಿಕೊಳ್ಳುವ ಚಿಲ್ಲರೆ ಬುದ್ಧಿ ಅವಳಿಗೂ ಇಲ್ಲ. ಕ್ಯಾನನ್ನೇ ಎತ್ತಿ ನೆತ್ತಿಗೆ ಸುರಿದಳು. ಮೊದಲು ಎಣ್ಣೆ ಇಳಿಯಿತು. ಆಮೇಲೆ ತಣ್ಣಗೆ, ಕೆಂಪಗೆ, ಧಾರಾಕಾರವಾಗಿ ಇಟಲಿ ಇಳಿಯಿತು.

"ಅಯ್ಯಯ್ಯೋ, ನೆತ್ತಿ ಒಡ್ದೋಯ್ತಾ!" ಎಂದು ಕೂಗಿದವಳು ಥಟ್ಟನೆ ಕ್ಯಾನಿನ ಬಾಯಿಗೆ ಮೂಗಿಟ್ಟಳು. ನನ್ನನ್ನು ನೋಡಿದಳು.

"ಡಾಕ್ಟ್ರಿಗೆ ಕಣೇ."

"ಡಾಕ್ಟ್ರಿಗೆ ಕ್ಯಾನ್ ತುಂಬಾನಾ?"

"ಸಗಟಿಗೆ ಅಗ್ಗ ಇತ್ತು."

ನಾನು ಹೇಳಿದ್ದರಲ್ಲಿ ಆ ಒಂದು ಮಾತನ್ನು ಮಾತ್ರ ಅವಳು ನಂಬಿದಳು. ಕ್ಯಾನಿನಲ್ಲಿ ಉಳಿದುದನ್ನು ಹಿತ್ತಲಿನ ತೆಂಗಿನ ಬುಡಕ್ಕೆ ಸುರಿದು ಬಂದು, ಸೀಗೆಕಾಯಿ ಹಾಕಿ ನನ್ನ ತಲೆಯನ್ನು ತಾಮ್ರದ ಹಂಡೆ ಬೆಳಗುವಂತೆ ಉಜ್ಜಿದಳು. ಎಣ್ಣೆಯೊಂದಿಗೆ ಸೇರಿಹೋಗಿದ್ದ ವಾಸನೆ ಜಗ್ಗಲಿಲ್ಲ. ನೊಣವಿನಕೆರೆ ಬಸ್ಸಿನಲ್ಲಿ ನನ್ನ ಪಕ್ಕದವರು ಎದ್ದು ಬೇರೆ ಕಡೆ ಕೂತರು. ಕಂಡಕ್ಟರು, "ಜೋಪಾನವಾಗಿ ಇಳೀರಿ ಯಜಮಾನ್ರೇ" ಎಂದು ಎಂದೂ ಹಿಡಿಯದ ರಟ್ಟೆ ಹಿಡಿದು ಇಳಿಸಿದರು.

ಅಂದು ಸಭೆ ಹಿಂದೆಂದೂ ಇಲ್ಲದಷ್ಟು ಗಮನವಿಟ್ಟು ಕೇಳಿತು. ನನ್ನ ಭಾಷಣಕ್ಕೆ ತಪ್ಪದೆ ಬಂದು ಮುಂದಿನ ಸಾಲಿನಲ್ಲೇ ಮಲಗುತ್ತಿದ್ದ ಕಾಯಿ ಸುಲಿಯುವ ರಂಗಪ್ಪ, ಊರಿಗೇ ಹೆಸರಾಂತ ಕುಡುಕ, ಅಂದು ಎದ್ದು ಕೂತು ಮೂಗು ಅರಳಿಸಿದ. ಮುಗಿದ ಮೇಲೆ ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರಿತ್ತು.

"ಅಧ್ಯಕ್ಷರೇ, ಇಷ್ಟು ವರ್ಷ ಏನೂ ಕಾಣ್ದೋರು ಬಂದು ಬುದ್ಧಿ ಹೇಳ್ತಾರೆ ಅಂದ್ಕಂಡಿದ್ದೆ. ನೀವೂ ನಮ್ಮಂಗೇ ಬುಡಕ್ಕಾಗ್ದೆ ಒದ್ದಾಡ್ತಾ ಇದೀರಿ. ಯೋಚ್ನೆ ಮಾಡ್ಬ್ಯಾಡಿ, ಯಾರಿಗೂ ಹೇಳಾಕಿಲ್ಲ. ಇಬ್ರೂ ಒಟ್ಟಿಗೇ ಬುಡಣ."

ನಿಜ ಹೇಳಲು ಬಾಯಿ ತೆರೆದೆ. ತೆಂಗಿಲ್ಲದ ದೇಶ, ಡಾಕ್ಟರು ಹಿಡಿದ ನಾಡಿ, ಹೆಪ್ಪುಗಟ್ಟಿದ ಎಣ್ಣೆ, ಹೆಂಡತಿಯ ಅಭ್ಯಂಜನ. ಮನಸ್ಸಿನಲ್ಲೇ ಜೋಡಿಸಿ ನೋಡಿದೆ. ಕುಡಿದವನೂ ಇಂಥ ಕಥೆ ಕಟ್ಟಲಾರ. ಬಾಯಿ ಮುಚ್ಚಿದೆ.

ರಂಗಪ್ಪ ಬಿಟ್ಟೇಬಿಟ್ಟ. ನನ್ನ ಸಾರ್ವಜನಿಕ ಜೀವನದ ಏಕಮಾತ್ರ ಫಲ ಅವನು. ಸಂತೆಯಲ್ಲಿ ಸಿಕ್ಕಾಗಲೆಲ್ಲ ಪಕ್ಕಕ್ಕೆ ಕರೆದು, "ನಾನಂತೂ ಮುಟ್ಟಿಲ್ಲ. ನೀವು?" ಎಂದು ಮೆಲ್ಲಗೆ ವಿಚಾರಿಸುತ್ತಾನೆ. ಎಂದೂ ಕುಡಿದವನೇ ಅಲ್ಲವೆಂದರೆ ಮೋಸಹೋದೆನೆಂದು ಮತ್ತೆ ಹಿಡಿದಾನು. ಬಿಟ್ಟೆನೆಂದರೆ ತನಗಿನ್ನು ಜೊತೆಗಾರನಿಲ್ಲವೆಂದು ಹಿಡಿದಾನು. ಅದಕ್ಕೇ ತಲೆ ತಗ್ಗಿಸಿ, "ಇನ್ನೂ ಪ್ರಯತ್ನದಲ್ಲಿದೀನಿ ಕಣಪ್ಪ" ಎನ್ನುತ್ತೇನೆ.

ಹೋದ ವಾರವೂ ಸಿಕ್ಕಿದ್ದ. ಹೆಗಲ ಮೇಲೆ ಕೈಯಿಟ್ಟು, "ಧೈರ್ಯ ತಗಳಿ ಅಧ್ಯಕ್ಷರೇ. ನಿಮ್ಮ ಮನೆತನದೋರಿಗೆ ಎಲ್ಲಾ ಸಗಟಲ್ಲೇ ಆಗ್ಬೇಕು, ಅದೇ ತೊಂದ್ರೆ. ಇದೊಂದನ್ನಾದ್ರೂ ಚಿಲ್ಲರೇಲಿ ಬುಡಿ" ಎಂದ.