ಎಡಗಾಲ ಕ್ಲಚ್ಚೂ ತಲೆಯ ಕ್ಲಚ್ಚೂ

ಕಾರು ಮಾಡೋರಿಗೆ ಹೆಂಡ್ತಿ, ಅಕ್ಕ, ತಂಗಿ ಯಾರೂ ಇರಲ್ವೋ, ಇದ್ರೂ ಅವರೆಲ್ಲ ತಿರುಪತಿಗೆ ಹೋಗಿ ಬಂದವರೋ, ನಂಗಂತೂ ಗೊತ್ತಿಲ್ಲ. ಇಲ್ದಿದ್ರೆ ಹೆಂಗಸರು ತುರುಬು ಕಟ್ಟೋ ಜಾಗದಲ್ಲೇ, ಅಳತೆ ತಗೊಂಡ ಹಾಗೆ, ಆ ಗಟ್ಟಿ ದಿಂಬನ್ನ ಯಾಕೆ ಇಡ್ತಿದ್ರು? ಹೆಡ್‌ರೆಸ್ಟ್ ಅಂತೆ. ತಲೆಗೆ ವಿಶ್ರಾಂತಿಯಂತೆ. ನನ್ನ ತಲೆಗೆ ಅದರಿಂದ ಸಿಕ್ಕಿದ ವಿಶ್ರಾಂತಿ ನನ್ನ ಶತ್ರುಗೂ ಬೇಡ.

ನನ್ನ ಹೆಸರು ಪ್ರಿಯದರ್ಶಿನಿ. ವಯಸ್ಸು ನಾನು ಹೇಳಲ್ಲ, ಮೆಟ್ಟಿಲು ಹತ್ತುವಾಗ ಮಂಡಿ ಹೇಳುತ್ತೆ. ಕೂದಲು ಮಾತ್ರ ಸೊಂಟ ದಾಟಿ ಕೆಳಗೆ ಬರ್ತಿತ್ತು. (ಬಣ್ಣ ಅಂಗಡೀದು, ಒಪ್ಕೋತೀನಿ. ಉದ್ದ ನಂದೇ.) ಹಲಸೂರಿನ ನಮ್ಮ ತಾಯಿ ಮನೆಗೆ ಹೆಣ್ಣು ನೋಡೋಕೆ ಬಂದಾಗ ಯಾದಗಿರಿಯ ನಮ್ಮತ್ತೆ ನನ್ನ ಮುಖವನ್ನ ಒಂದು ಗಳಿಗೆ ನೋಡಿ, "ಒಂಚೂರು ಹಿಂದ ಹೊಳ್ಳವಾ" ಅಂದ್ರು. ನಂಗೆ ಅರ್ಥ ಆಗ್ಲಿಲ್ಲ. ಅಮ್ಮ ತಿವಿದ ಮೇಲೆ ತಿರುಗಿ ನಿಂತೆ. ಮದುವೆ ಗಟ್ಟಿಯಾಗಿಹೋಯ್ತು. ಬೆನ್ನು ತೋರಿಸಿ ಗೆದ್ದವಳು ಚರಿತ್ರೆಯಲ್ಲಿ ನಾನೊಬ್ಬಳೇ ಇರಬೇಕು.

ನಮ್ಮ ಯಜಮಾನ್ರು ಅಂಬಣ್ಣನವರು ವಿಮಾನದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸೇರಿ ಅಲ್ಲೇ ರಿಟೈರ್ ಆದವರು. ವಿಮಾನಪುರದಲ್ಲೇ ಮನೆ. ಇಡೀ ಜನ್ಮ ಬೇರೆಯವರು ಹಾರೋ ಮಿಷನ್ನಿಗೆ ಬೋಲ್ಟು ಬಿಗಿದವರಿಗೆ ತಮ್ಮದು ಅಂತ ಇದ್ದದ್ದು ಒಂದು ಸಣ್ಣ ಬೆಳ್ಳಿ ಬಣ್ಣದ ಕಾರು. ಅದನ್ನ ಅವರು ಒರೆಸೋ ಚಂದ ನೋಡಿ ನಂಗೆ ಎಷ್ಟೋ ಸಲ ಹೊಟ್ಟೆಕಿಚ್ಚಾಗಿದೆ. ಹೋದ ವರ್ಷ ಅವರ ಕಣ್ಣಿಗೆ ಶನಿ ಹಿಡೀತು. ನಡುವಿನ ದೃಷ್ಟಿ ಹೋಗಿದೆ, ಸುತ್ತಲಿಂದು ಉಳಿಯುತ್ತೆ, ಓಡಾಡಬಹುದು, ಕಾರು ಮಾತ್ರ ಮುಟ್ಟಬಾರದು ಅಂದ್ರು ಡಾಕ್ಟರು. ನೋಡಿ ನನ್ನ ಹಣೆಬರಹ. ಹೆಸರು ಪ್ರಿಯದರ್ಶಿನಿ, ದರ್ಶನ ಮಾಡೋ ಗಂಡನಿಗೇ ಕಣ್ಣಿಲ್ಲ.

ಅವತ್ತಿಂದ ಇವರು ದಿನಾ ಸಂಜೆ ಹೊಂಗೆ ಮರದ ಕೆಳಗೆ ನಿಂತ ಕಾರಿನೊಳಗೆ, ಡ್ರೈವರ್ ಸೀಟಲ್ಲಿ, ಸ್ಟೇರಿಂಗ್ ಹಿಡ್ಕೊಂಡು ಕೂರೋಕೆ ಶುರು ಮಾಡಿದ್ರು. ಎಂಜಿನ್ ಸ್ವಲ್ಪ ಹೊತ್ತು ಓಡಿಸಿ, ಸದ್ದು ಕೇಳಿ, ಆರಿಸ್ತಾರೆ. ಆಮೇಲೂ ಕೂತೇ ಇರ್ತಾರೆ. ಅಕ್ಕಪಕ್ಕದವರು ಮೊದಮೊದಲು ನಗ್ತಿದ್ರು. ಆಮೇಲೆ ನಗೋದು ಬಿಟ್ರು. ಅವರು ನಗೋದು ಬಿಟ್ಟ ಮೇಲೇ ನಂಗೆ ಹೆದರಿಕೆ ಆಗಿದ್ದು. ಊಟ ಕಮ್ಮಿಯಾಯ್ತು, ಮಾತು ನಿಂತೇಹೋಯ್ತು. ಈ ಮನುಷ್ಯನನ್ನ ಕಾರಿಂದ ಇಳಿಸೋಕೆ ಆಗಲ್ಲ, ಕಾರನ್ನಾದ್ರೂ ಓಡಿಸೋಣ ಅಂತ ನಾನು ಡ್ರೈವಿಂಗ್ ಕಲಿಯೋ ಮಹಾಸಂಕಲ್ಪ ಮಾಡಿದೆ.

ಇವರ ಮೇಲೆ ನಂಗೆ ಅಷ್ಟೊಂದು ಕನಿಕರ ಯಾಕಿತ್ತೋ, ಈಗ ಯೋಚಿಸಿದ್ರೆ ಆಶ್ಚರ್ಯ ಆಗುತ್ತೆ. ಯಾಕಂದ್ರೆ ಅದೇ ಸುಮಾರಿಗೆ ಹಲಸೂರು ಮಾರ್ಕೆಟ್ಟಿನಲ್ಲಿ ಒಂದು ಘನಕಾರ್ಯ ನಡೆದಿತ್ತು. ಸೆಕೆ ಅಂತ ತುರುಬು ಕಟ್ಕೊಂಡು ನಾನು ಬಗ್ಗಿ ಸೊಪ್ಪು ಆರಿಸ್ತಿದ್ದೆ. ಎದ್ದು ನೋಡ್ತೀನಿ, ಇವರಿಲ್ಲ. ಹೂವಿನ ಸಾಲಲ್ಲಿ ಯಾರೋ ಉದ್ದ ಜಡೆಯವಳ ಹಿಂದೆ ಹಿಂದೆ ಚೀಲ ಹಿಡ್ಕೊಂಡು ಹೋಗ್ತಿದ್ದಾರೆ. ಅವಳು ನಿಂತ್ರೆ ನಿಲ್ತಾರೆ, ಅವಳು ನಡೆದ್ರೆ ನಡೀತಾರೆ. ಮನೆಗೆ ಕರ್ಕೊಂಡು ಬಂದು ಸಹಸ್ರನಾಮ ಮಾಡಿದೆ. ಎದುರಿಗಿರೋ ಹೆಂಡ್ತಿ ಮುಖ ಕಾಣದ ಕಣ್ಣಿಗೆ ಅಷ್ಟು ದೂರದ ಜಡೆ ಕಾಣುತ್ತಾ ಅಂತ ಕೇಳಿದೆ. ಎಲ್ಲ ಕೇಳಿಸ್ಕೊಂಡು, ತಪ್ಪಾಯ್ತು ಅಂದ್ರು, ಅಷ್ಟೇ.

ಕಲಿಸೋಕೆ ಸಿಕ್ಕಿದವರು ಫ್ರೇಜರ್ ಟೌನಿನ ಗುಲ್ಷನ್ ಮೇಡಂ. ಹೆಂಗಸರಿಗೆ ಮಾತ್ರ ಕಲಿಸ್ತಾರೆ, ಅವರ ಕಡೆಗೂ ಬ್ರೇಕ್ ಇರೋ ಕಾರು. ಹೆಚ್ಚುಕಮ್ಮಿ ನನ್ನ ವಯಸ್ಸೇ, ನನ್ನ ಗಾತ್ರವೇ, ಆದ್ರೆ ಕೂದಲು ಕತ್ತಿಗೇ ನಿಂತಿದೆ. ಅದರ ಸುಖ ನಂಗೆ ಮೊದಲನೇ ದಿನವೇ ಗೊತ್ತಾಯ್ತು.

ಜಡೆ ಹಿಂದೆ ಬಿಟ್ಕೊಂಡು ಕೂತೆ. ಅದರ ಮೇಲೇ ಕೂತಿದ್ದೀನಿ ಅನ್ನೋದು ಕನ್ನಡಿ ನೋಡೋಕೆ ಬಗ್ಗಿದಾಗ ಗೊತ್ತಾಯ್ತು, ನನ್ನ ಜಡೆಯೇ ನನ್ನನ್ನ ಹಿಡಿದೆಳೀತು. ಪಕ್ಕಕ್ಕೆ ಹಾಕ್ಕೊಂಡೆ. ತುದಿ ಬಾಗಿಲಿಗೆ ಸಿಕ್ಕಿ ಹೊರಗೇ ಉಳೀತು. ಇಂದಿರಾನಗರದಲ್ಲಿ ಬೈಕಿನ ಹುಡುಗಿಯೊಬ್ಬಳು ಪಕ್ಕಕ್ಕೆ ಬಂದು, ಆಂಟಿ, ಏನೋ ನೇತಾಡ್ತಿದೆ ಅಂದ್ಲು. ನಾನು ಸೆರಗು ಸರಿಮಾಡ್ಕೊಂಡು ಥ್ಯಾಂಕ್ಸ್ ಹೇಳಿ ಹಾಗೇ ಮುಂದೆ ಹೋದೆ. ಎದೆ ಮೇಲೆ ಮುಂದಕ್ಕೆ ಹಾಕ್ಕೊಂಡ್ರೆ ಗೇರ್ ಬದಲು ಜಡೆ ಹಿಡಿದೆಳೆದು, ಗೇರ್ ಬೀಳ್ತಿಲ್ಲ ಅಂತ ಗುಲ್ಷನ್ ಮೇಡಂಗೆ ದೂರು ಹೇಳಿದೆ. ತುರುಬು ಕಟ್ಟಿದ್ರೆ ಆ ದಿಂಬು ಹಿಂದಿನಿಂದ ನೂಕಿ ಗಲ್ಲ ಎದೆಗೆ ತಾಗ್ತಿತ್ತು. ರಸ್ತೆ ಕಾಣ್ತಿರಲಿಲ್ಲ, ನನ್ನ ಹೊಟ್ಟೆ ಮಾತ್ರ ಕಾಣ್ತಿತ್ತು. ಅದಕ್ಕೇ ನೆತ್ತಿ ಮೇಲೆ ಋಷಿಪತ್ನಿಯ ಹಾಗೆ ಗಂಟು ಹಾಕ್ಕೊಂಡು ಹೋದೆ. ರಸ್ತೆಯ ಪ್ರತಿ ಹಂಪ್‌ಗೂ ಅದು ಮೇಲಿನ ತಗಡಿಗೆ ಬಡೀತು. "ನಕ್ಕೋ ಮೇಡಂ, ಬೇಡ" ಅಂದ್ರು ಗುಲ್ಷನ್ ಮೇಡಂ, "ನಿಮ್ಗೆ ಮೇಲೆ ಕಿಟಕಿ ಇರೋ ಕಾರೇ ಬೇಕು."

ಇಂದಿರಾನಗರದಲ್ಲಿ ಪಾರ್ಲರ್ ಇಟ್ಟಿರೋ ನನ್ನ ತಂಗಿ ಮಗಳು ತೇಜಶ್ರೀ ಮೊಬೈಲಿಗೆ ವಿಡಿಯೋ ಮೇಲೆ ವಿಡಿಯೋ ಕಳಿಸಿದ್ಲು, ಕಾರಲ್ಲಿ ಉದ್ದ ಕೂದಲಿಗೆ ಹಾಯಾದ ಸ್ಟೈಲುಗಳು ಅಂತ. ಎಲ್ಲದರಲ್ಲೂ ಜೋಳದ ತೆನೆಗಿರೋಷ್ಟು ಕೂದಲಿನ ಹುಡುಗೀರು, ನಿಂತ ಕಾರಲ್ಲಿ ಕೂತು ನಗ್ತಿದ್ರು. ಕೊನೆಗೆ ಅವಳೇ ಒಂದು ದೊಡ್ಡ ಕ್ಲಚ್ ತಂದುಕೊಟ್ಲು. ಕೂದಲನ್ನ ಎರಡೂ ಕಡೆಯಿಂದ ಕಚ್ಚಿ ಹಿಡಿಯುತ್ತಲ್ಲ, ಆ ಪ್ಲಾಸ್ಟಿಕ್ಕಿಂದು. ನನ್ನ ನಾಶಕ್ಕೆ ಕಾರಣ ಆ ಕ್ಲಚ್ಚೇ.

ಯಾಕೆ ಅಂತೀರಾ? ಅದೂ ದಿಂಬಿಗೆ ತಾಗ್ತಿತ್ತು. ಗುಲ್ಷನ್ ಮೇಡಂ ಕಾರು ಹತ್ತುತ್ತಿದ್ದ ಹಾಗೇ, "ಮೇಡಂ, ಮೊದ್ಲು ಕ್ಲಚ್ ತೆಗೀರಿ" ಅಂತ ತಲೆ ಕಡೆ ಕೈ ತೋರಿಸ್ತಿದ್ರು. ಹೀಗಾಗಿ ನಮ್ಮ ಕಾರಲ್ಲಿ ಕ್ಲಚ್ ಅಂದ್ರೆ ತಲೇದು. ಕಾಲಿನದಕ್ಕೆ ಅವರು ಎಡಗಾಲು ಅಂತಲೇ ಹೇಳೋರು. ಎಡಗಾಲು ಒತ್ತಿ, ಎಡಗಾಲು ಬಿಡಿ. ಇವರು ಒಂದು ದಿನ ಹಿಂದಿನ ಸೀಟಲ್ಲಿ ಕೂತು ಬಂದವರು, ನನ್ನವಳು ಎಡಗಾಲು ಬಿಡೋದು ಕುಕ್ಕರ್ ವಿಷಲ್ ಎತ್ತಿದ ಹಾಗೆ, ಒಂದೇ ಸಲಕ್ಕೆ ಅಂದ್ರು. ಎಷ್ಟೋ ದಿನದ ಮೇಲೆ ಅವರಾಡಿದ ಅತಿ ಉದ್ದದ ಮಾತು ಅದು. ಬೈಗುಳವಾದ್ರೂ ನಂಗೆ ಖುಷಿಯಾಯ್ತು.

ಕೆ.ಆರ್. ಪುರದ ಕಡೆ ಟೆಸ್ಟು. ಅವತ್ತು ಗಡಿಬಿಡಿಯಲ್ಲಿ ಕ್ಲಚ್ ತಲೆಯಲ್ಲೇ ಉಳಿದಿತ್ತು. ಪಕ್ಕದಲ್ಲಿ ಕೂತ ಇನ್‌ಸ್ಪೆಕ್ಟರು ಪಾಪ ತುಂಬ ಸಮಾಧಾನದ ಮನುಷ್ಯ. ಗೇರ್ ಹಾಕಿಸಿದ್ರು. ಆಮೇಲೆ, "ಈಗ ಕ್ಲಚ್ ಬಿಡಿ ಅಮ್ಮ, ನಿಧಾನಕ್ಕೆ" ಅಂದ್ರು.

ಬಿಟ್ಟೆ. ನಿಧಾನಕ್ಕೇ ಬಿಟ್ಟೆ. ಸ್ಟೇರಿಂಗಿಂದ ಕೈ ಎತ್ತಿ, ತಲೆ ಹಿಂದೆ ಒಯ್ದು, ಕ್ಲಚ್ಚನ್ನ ಮೆಲ್ಲಗೆ ಒತ್ತಿ ತೆಗೆದು ಅವರ ಮುಂದೆ ವಿನಯದಿಂದ ಇಟ್ಟೆ. ಅವರು ಅದನ್ನ ನೋಡಿದ್ರು, ನನ್ನನ್ನ ನೋಡಿದ್ರು. ಅಷ್ಟರಲ್ಲಿ ಕೂದಲೆಲ್ಲ ಬಿಚ್ಚಿ ಮುಖದ ಮೇಲೆ ಬಿತ್ತು, ಗಾಬರಿಗೆ ಎಡಗಾಲು ತಾನಾಗೇ ಎದ್ದಿತು. ಕಾರು ಜಿಗಿದು ಎದುರಿಗಿಟ್ಟಿದ್ದ ಡ್ರಮ್ಮಿಗೆ ಗುದ್ದಿ ನಿಂತಿತು. ಡ್ರಮ್ಮು ಉರುಳಿಹೋಗೋ ಸದ್ದನ್ನ ನಾನು ಕೂದಲೊಳಗಿಂದ ಕೇಳಿಸ್ಕೊಂಡೆ. ಇನ್‌ಸ್ಪೆಕ್ಟರು ಇಳಿದು, ಮನೆಗೆ ಹೋಗಿ ತಲೆ ಬಾಚ್ಕೊಂಡು ಇನ್ನೊಂದು ದಿನ ಬನ್ನಿ ಅಂದ್ರು.

ಇದನ್ನೆಲ್ಲ ಸಂಜೆ ಇವರಿಗೆ ಅಭಿನಯ ಸಮೇತ ಹೇಳಿದೆ. ನಗ್ತಾರೆ ಅಂದ್ಕೊಂಡಿದ್ದೆ. ಇವರು, "ಕಾರು ಮಾರಿಬಿಡೋಣ. ಸುಮ್ನೆ ಕೂರೋಕೆ ಕುರ್ಚಿ ಸಾಕು" ಅಂದ್ರು.

ಕಾರು ಹೋದ್ರೆ ಆ ಕುರ್ಚಿಯಿಂದ ಇವರು ಏಳಲ್ಲ ಅಂತ ನಂಗೆ ಗೊತ್ತಿತ್ತು. ಇನ್ನೊಂದು ಸಲ ಟೆಸ್ಟಿಗೆ ಹೋಗ್ತೀನಿ, ಬೇಕಾದ್ರೆ ಕೂದಲು ಕತ್ತರಿಸ್ಕೊಂಡು ಹೋಗ್ತೀನಿ ಅಂದೆ. ಬಾಯಿಮಾತಿಗೆ ಅಂದಿದ್ದು, ಖಂಡಿತ ಬೇಡ ಅಂತಾರೆ ಅಂತ ಕಾದೆ. ನಿನ್ನ ತಲೆ, ನಿನ್ನಿಷ್ಟ ಅಂದ್ರು.

ನೋಡಿದ್ರಾ? ಯಾವ ಕೂದಲು ನೋಡಿ ಕಟ್ಕೊಂಡ್ರೋ ಆ ಕೂದಲಿಗೆ ಸಿಕ್ಕಿದ ಬೆಲೆ ಇದು. ಮಾರ್ಕೆಟ್ಟಲ್ಲಿ ಕಂಡವರ ಜಡೆಯಾದ್ರೆ ಹಿಂದೆ ಹೋಗ್ತಾರೆ. ಆ ಸಿಟ್ಟಿನಲ್ಲೇ ಎರಡನೇ ಟೆಸ್ಟಿನ ದಿನ ಬೆಳಿಗ್ಗೆ ತೇಜಶ್ರೀ ಪಾರ್ಲರಿಗೆ ಹೋಗಿ ಕೂತೆ. ದೊಡ್ಡಪ್ಪನ್ನ ಕೇಳಿದ್ರಾ ದೊಡ್ಡಮ್ಮ ಅಂತ ಅವಳು ಕತ್ತರಿ ಹಿಡ್ಕೊಂಡೇ ನಿಂತ್ಲು. ಕೇಳಿದೀನಿ, ಉತ್ತರವೂ ಬಂದಿದೆ ಅಂದೆ. ಜಡೆಯ ಬುಡಕ್ಕೆ ರಬ್ಬರ್ ಹಾಕಿ ಕತ್ತರಿಸಿದ್ಲು. ಅದು ಅಷ್ಟು ಸುಲಭವಾಗಿ ಬಿಡಲಿಲ್ಲ. ಕೊನೆಗೆ ತಲೆ ಎಷ್ಟು ಹಗುರಾಯ್ತು ಅಂದ್ರೆ ನಂಗೆ ಅಳು ಬಂತು, ಶಾಂಪೂ ಕಣ್ಣಿಗೆ ಹೋಯ್ತು ಅಂದೆ. ಜಡೆಯನ್ನ ಅವಳು ಒಂದು ಕವರಿಗೆ ಹಾಕಿ ಕೈಗೆ ಕೊಟ್ಲು.

ಟೆಸ್ಟು ಪಾಸಾಯ್ತು. ಅದೇ ಇನ್‌ಸ್ಪೆಕ್ಟರು ಕ್ಲಚ್ ಬಿಡಿ ಅನ್ನೋ ಮುಂಚೆ ಒಂದು ಸಲ ನನ್ನ ತಲೆ ನೋಡಿ ಖಾತ್ರಿ ಮಾಡ್ಕೊಂಡ್ರು. ಸಂಜೆ ಗುಲ್ಷನ್ ಮೇಡಂ ನನ್ನನ್ನ ನಮ್ಮ ಮನೆ ಹತ್ತಿರ ಬಿಟ್ಟು ಹೋದ್ರು. ಹೊಂಗೆ ಮರದ ಕೆಳಗೆ ಇವರು ಎಂದಿನ ಹಾಗೆ ಸ್ಟೇರಿಂಗ್ ಹಿಡ್ಕೊಂಡು ಕೂತಿದ್ರು. ನಾನು ಹೋಗಿ ಬಾಗಿಲು ತೆಗೆದು, ನಾನು ಕಣ್ರೀ ಅನ್ನೋಷ್ಟರಲ್ಲಿ ಅವರೇ ಮಾತಾಡಿದ್ರು.

"ಬನ್ನಿ ಗುಲ್ಷನ್ ಮೇಡಂ. ನಮ್ಮವಳು ಎಲ್ಲಿ, ಮತ್ತೆ ಫೇಲಾ?"

ಆ 'ಮತ್ತೆ' ಅನ್ನೋದು ಇತ್ತಲ್ಲ, ಅದಕ್ಕೆ ನನ್ನ ಬಾಯಿ ಕಟ್ಟಿಹೋಯ್ತು. ಹ್ಞೂಂ ಅಂದೆ, ಮೂಗಿನಲ್ಲೇ.

"ಒಳ್ಳೇದೇ ಆಯ್ತು ಬಿಡಿ" ಅಂದ್ರು.

ಮೈಯೆಲ್ಲ ಉರೀತು. ಇರಲಿ, ಇವರನ್ನ ಹಲಸೂರು ಕೆರೆ ತನಕ ಓಡಿಸ್ಕೊಂಡು ಹೋಗಿ ಅಲ್ಲೇ ನಿಲ್ಲಿಸಿ ಮಂಗಳಾರತಿ ಎತ್ತೋಣ ಅಂತ ನಿರ್ಧರಿಸಿದೆ. ಅವರೇ ಅನುಕೂಲ ಮಾಡಿಕೊಟ್ರು. ಮೇಡಂ, ಒಂದು ಉಪಕಾರ, ಹಲಸೂರು ಕೆರೆ ತನಕ ಒಂದು ರೌಂಡ್ ಕರ್ಕೊಂಡು ಹೋಗ್ತೀರಾ ಅಂತ ಕೇಳಿ, ಇಳಿದು, ಬಾನೆಟ್ ಸವರ್ಕೊಂಡು ಸುತ್ತಿ ಬಂದು ಎಡಗಡೆ ಕೂತ್ರು. ಅಷ್ಟು ಚುರುಕಾಗಿ ಅವರು ನಡೆದದ್ದು ನೋಡಿ ತಿಂಗಳುಗಳೇ ಆಗಿದ್ವು. ನಾನು ಕೈಲಿದ್ದ ಕವರನ್ನ ಹಿಂದಿನ ಸೀಟಿಗೆ ಹಾಕಿ ಕಾರು ತೆಗೆದೆ. ಅದೃಷ್ಟ, ಒಂದೇ ಸಲಕ್ಕೆ ಚೆನ್ನಾಗಿ ಹೊರಟಿತು.

ಗಾಳಿ ಬೀಸ್ತಿದ್ದ ಹಾಗೇ ಇವರ ನಾಲಿಗೆ ಸಡಿಲ ಆಯ್ತು. ಮನೇಲಿ ಆಡದ ಮಾತೆಲ್ಲ ಪರ ಹೆಂಗಸಿನ ಹತ್ರ. ನನ್ನ ಉಪ್ಪಿಟ್ಟಿನ ವಿಷಯ ಬಂತು, ಅದನ್ನ ಇಲ್ಲಿ ಹೇಳಲ್ಲ. ತುರುಬು ಕಟ್ಟಿದ್ರೆ ಅವಳಿಗೆ ಕೋಪ, ಜಡೆ ಬಿಟ್ಟಿದ್ರೆ ಸಮಾಧಾನ, ಅದನ್ನ ನೋಡ್ಕೊಂಡೇ ನಾನು ಬಾಯಿ ಬಿಡೋದು ಅಂತನೂ ಅಂದ್ರು. ಸಿಟ್ಟಿಗೆ ನನ್ನ ಕಾಲು ಗಟ್ಟಿಯಾಗಿ ಬಿತ್ತು, ಕಾರು ಓಡಿತು. ಮುರುಗೇಶಪಾಳ್ಯದ ಸಿಗ್ನಲ್ಲಿನಲ್ಲಿ ನಿಂತಾಗ ಅವರು ಸ್ವರ ತಗ್ಗಿಸಿದ್ರು.

"ಮೇಡಂ, ಅವಳು ಪಾಸಾಗ್ದಿದ್ರೂ ಪರವಾಗಿಲ್ಲ. ಕೂದಲು ಕತ್ತರಿಸಿ ಅಂತ ಮಾತ್ರ ಹೇಳ್ಬೇಡಿ. ನಂಗೆ ಅವಳ ಮುಖ ಕಾಣಲ್ಲ. ಮುಖ ಇರೋ ಜಾಗದಲ್ಲಿ ಒಂದು ಮಸಿ ಉಂಡೆ ಅಷ್ಟೇ. ಮಾರ್ಕೆಟ್ಟಲ್ಲಿ, ಆಸ್ಪತ್ರೇಲಿ ಎಲ್ಲ ಹೆಂಗಸರೂ ಒಂದೇ ಥರ. ಬೆನ್ನ ಮೇಲೆ ಆ ಕರಿ ಗೆರೆ ಓಡಾಡಿದ್ರೆ ಅವಳೇ ಅಂತ ಹಿಂದೆ ಹೋಗ್ತೀನಿ. ಒಂದು ಸಲ ತಪ್ಪಿ ಬೇರೆಯವಳ ಹಿಂದೆ ಹೋಗಿದ್ದೆ. ಬೈದ್ಲು. ಕಾರಣ ಹೇಳಿದ್ರೆ ಅಳ್ತಾಳೆ ಅಂತ ಬೈಸ್ಕೊಂಡೆ."

ಕತ್ತರಿಸಲಾ ಅಂತ ಅವಳೇ ಕೇಳಿದಾಗ ಬೇಡ ಅನ್ನೋಕೆ ಬಾಯಿ ಬರಲಿಲ್ಲ, ನನ್ನ ಕಣ್ಣಿಗೋಸ್ಕರ ಅವಳ ತಲೇನೂ ಕಟ್ಟಿಹಾಕೋದಾ ಅಂದ್ಕೊಂಡೆ ಅಂತಲೂ ಅಂದ್ರು. ನಾನು ಹಿಂದಿನ ಸೀಟಿನ ಮೇಲಿದ್ದ ಜಡೆಯ ಕವರನ್ನ ಕನ್ನಡಿಯಲ್ಲಿ ನೋಡಿದೆ. ಇಷ್ಟು ದಿನ ಇವರ ಎದುರಿಗೆ ಓಡಾಡಿದವಳು ನಾನಲ್ಲ, ಅದು ಅಂತ ಅನ್ನಿಸಿತು. ಸಿಗ್ನಲ್ ಹಸಿರಾಯ್ತು. ಕಣ್ಣು ಮಂಜಾಗಿ ಏನೂ ಕಾಣಲಿಲ್ಲ. ಎಡಗಾಲು ಬಿಟ್ಟೆ, ಒಂದೇ ಸಲಕ್ಕೆ. ಕಾರು ಕುಪ್ಪಳಿಸಿ, ಕೆಮ್ಮಿ, ಅಲ್ಲೇ ನಿಂತುಹೋಯ್ತು. ಹಿಂದಿನ ಬಸ್ಸಿನವನು ಹಾರ್ನ್ ಹೊಡೆಯೋಕೆ ಶುರು ಮಾಡಿದ.

ಇವರು ನನ್ನ ಕಡೆ ತಿರುಗಿದ್ರು.

"ಗುಲ್ಷನ್ ಮೇಡಂ ಹೀಗೆ ಬಿಡಲ್ಲ. ಇದು ಕುಕ್ಕರ್ ಕಾಲು" ಅಂದ್ರು. ಆಮೇಲೆ, "ಪ್ರಿಯಾ?" ಅಂದ್ರು.

ಅವರ ಕೈ ನನ್ನ ಬೆನ್ನಿಗೆ ಬಂತು. ಬೆನ್ನಲ್ಲಿ ಹುಡುಕಿತು, ಹೆಗಲಲ್ಲಿ ಹುಡುಕಿತು, ಕತ್ತಿನ ಹಿಂದೆ, ತೇಜಶ್ರೀ ಕತ್ತರಿ ನಿಲ್ಲಿಸಿದ್ದ ಕಡೆ ಬಂದು ನಿಂತಿತು. ತುಂಬ ಹೊತ್ತು ಅಲ್ಲೇ ಇತ್ತು.

"ಕ್ಲಚ್ ಎಲ್ಲೇ?" ಅಂತ ಕೇಳಿದ್ರು.

"ಎಡಗಾಲ ಕೆಳಗಿದೆ ಕಣ್ರೀ" ಅಂದೆ.

ಬಸ್ಸಿನವನು ಹಾರ್ನ್ ಹೊಡೀತಾನೇ ಇದ್ದ. ಇವರು ಕೈ ತೆಗೆದು ತಮ್ಮ ತೊಡೆ ಮೇಲೆ ಇಟ್ಕೊಂಡು, ಕಾಣದ ರಸ್ತೆ ಕಡೆ ಮುಖ ಮಾಡಿ ಕೂತ್ರು.

"ಹಾಗಾದ್ರೆ ಬಿಡು" ಅಂದ್ರು. "ನಿಧಾನಕ್ಕೆ."