ಗಿರಣಿ ಚಾಳಿನ ಔಷಧದ ಪಂಕ್ತಿ

ದವಾಖಾನೆಯಲ್ಲಿ ನೌಕರಿ ಮಾಡಿದವನಿಗೆ ನಗುವುದಕ್ಕೆಂದು ನಾಟಕ ಕಂಪನಿಯ ಟಿಕೀಟು ತೆಗೆಸುವ ಜರೂರು ಬೀಳುವುದಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಸಾಕು, ನಾಟಕ ತಾನೇ ಬಾಟಲಿ ಹಿಡಿದುಕೊಂಡು ಒಳಗೆ ಬರುತ್ತದೆ. ನಾನು ಹುಬ್ಬಳ್ಳಿಯ ಒಂದು ಅರಳೆ ಗಿರಣಿಯ ದವಾಖಾನೆಯಲ್ಲಿ ಕಂಪೌಂಡರನಾಗಿದ್ದೆ. ಒಂದು ಮಹಾಯುದ್ಧ ಮುಗಿದಿತ್ತು, ಇನ್ನೊಂದು ಶುರುವಾಗಿರಲಿಲ್ಲ. ಮುಂಜಾನೆ ಔಷಧ ಕಲಸುವುದು, ಮಧ್ಯಾಹ್ನದ ಮೇಲೆ ಕೆಲಸಗಾರರ ಸಾಲುಮನೆಗಳಿದ್ದ ಗಿರಣಿಯ ಚಾಳಿಗೆ ಹೋಗಿ ಅವರ ಮನೆಯವರಿಗೆ ಆರೋಗ್ಯದ ತಿಳಿವಳಿಕೆ ಹೇಳುವುದು, ಇದು ನನ್ನ ಕೆಲಸ.

ನಮ್ಮ ಡಾಕ್ಟರು ಧಾರವಾಡದವರು, ಮುಂಬಯಿಯಲ್ಲಿ ಕಲಿತು ಬಂದ ತರುಣರು. ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು ಹೇಳಿದರು: "ಹಿಂದ ಪ್ಲೇಗು ಬಂದಾಗ ಈ ಚಾಳ ಅರ್ಧಾ ಖಾಲಿ ಆಗಿತ್ತಂತ. ಮತ್ತ ಬಂದರ ಹಂಗ ಆಗಬಾರದು. ಔಷಧ ತರಸೋದು ನನ್ನ ಕೆಲಸ. ಮಂದಿ ತೊಗೊಳ್ಳೋ ಹಂಗ ಮಾಡೋದು ನಿಮ್ಮ ಕೆಲಸ ಅದ."

ಕೇಳಲಿಕ್ಕೆ ಹಗುರಾಗಿತ್ತು. ಆದರೆ ಚಾಳಿನಲ್ಲಿ ಆಯಿ ಇದ್ದಳು.

ಆಯಿ ಎಂದರೆ ಚಾಳಿನ ಹಿರಿಯ ಮುದುಕಿ. ಅವಳ ಮಕ್ಕಳು, ಸೊಸೆಯಂದಿರು ಎಲ್ಲರೂ ಗಿರಣಿಯಲ್ಲೇ ದುಡಿಯುತ್ತಿದ್ದರು. ಗಂಡ ಮಾತ್ರ ಹಿಂದಿನ ಪ್ಲೇಗಿನಲ್ಲಿ ಹೋಗಿಬಿಟ್ಟಿದ್ದ. ಹೆರಿಗೆಯಿಂದ ಹಿಡಿದು ಜಗಳ ಬಿಡಿಸುವವರೆಗೆ ಚಾಳಿಗೆ ಅವಳೇ ಬೇಕು. ಅವಳು ಹೂಂ ಅಂದರೆ ಇಡೀ ಚಾಳು ಹೂಂ, ಅವಳು ಉಹೂಂ ಅಂದರೆ ಮ್ಯಾನೇಜರ್ ಸಾಹೇಬರು ಬಂದು ನಿಂತರೂ ಉಹೂಂ.

ಕಾಸಿದ ನೀರು

ಆ ವರ್ಷ ಮಳೆ ಬಿದ್ದ ಕೂಡಲೇ ಪೇಟೆಯ ಕಡೆ ವಾಂತಿಭೇದಿ ಶುರುವಾಯಿತು. ನಾನು ಚಾಳಿನ ಕಟ್ಟೆಯ ಮೇಲೆ ನಿಂತು ಭಾಷಣ ಮಾಡಿದೆ. ನೀರಿನಲ್ಲಿ ಕಣ್ಣಿಗೆ ಕಾಣದ ಹುಳಗಳಿರುತ್ತವೆ, ಕುದಿಸಿದರೆ ಸಾಯುತ್ತವೆ, ಇನ್ನು ಮೇಲೆ ಗುಳುಗುಳು ಕುದಿಸಿದ ನೀರನ್ನೇ ಕುಡಿಯಬೇಕು ಎಂದೆ. ಆಯಿ ಎಲೆಗೆ ಸುಣ್ಣ ಹಚ್ಚುತ್ತ ಎಲ್ಲವನ್ನೂ ಕೇಳಿ, "ಆತು, ಕಾಸೂಣು" ಎಂದಳು. ನನಗೆ ಹಿಗ್ಗೋ ಹಿಗ್ಗು.

ಕೆಲವು ದಿನ ಬಿಟ್ಟು ನೋಡಲು ಹೋದೆ. ಆಯಿಯ ಒಲೆಯ ಮೇಲೆ ದೊಡ್ಡ ಭಾಂಡೆಯಲ್ಲಿ ನೀರು ಕುದಿಯುತ್ತಿತ್ತು. ಆಯಿ ಬೆಲ್ಲದ ಹರಳಿನ ಜೊತೆ ತಾಮ್ರದ ತಂಬಿಗೆಯಲ್ಲಿ ನೀರು ಕೊಟ್ಟಳು. ಬಿಸಿಲಲ್ಲಿ ನಡೆದು ಬಂದಿದ್ದೆ, ಗಟಗಟ ಕುಡಿದೆ. ತಂಬಿಗೆ ಕೆಳಗಿಟ್ಟ ಮೇಲೆ ಸಂಶಯ ಬಂತು.

"ಆಯಿ, ಇದು ಕಾಸಿದ ನೀರ ಹೌದಿಲ್ರಿ?"

"ಮತ್ತ? ನೀ ಅಷ್ಟು ಬಡಕೊಂಡ ಮ್ಯಾಲ ಕಾಸಲಾರದ್ದು ಕುಡಸ್ತೀನೇನು?"

"ಹಂಗಾರ ಇಷ್ಟು ತಣ್ಣಗ ಹೆಂಗ ಐತ್ರಿ? ನಿನ್ನೆ ಕಾಸಿ ಇಟ್ಟಿದ್ರೇನು?"

"ಮನಿಗೆ ಬಂದವರಿಗೆ ನಿನ್ನಿ ನೀರು ಯಾರರ ಕೊಡ್ತಾರೇನು? ಈಗ ಒಲಿಮ್ಯಾಲಿಂದ ತಗದೇನಿ. ಸುಡೋ ನೀರು ಹೆಂಗ ಕುಡೀತಿ ತಮ್ಮಾ? ಮೈ ತೊಳಕೊಳ್ಳಾಕ ಬೆರಸೂದಿಲ್ಲೇನು, ಹಂಗ ಬಾವ್ಯಾಗಿನ ತಣ್ಣೀರು ಬೆರಸಿ ಸಮಾ ಮಾಡೇನಿ."

ಕಾಸಿದ ಮೇಲೆ ಒಂದು ಹನಿಯನ್ನೂ ಬೆರಸಬಾರದು, ತಾನಾಗಿಯೇ ಆರಬೇಕು ಎಂದು ತಿಳಿಸಿ ಹೇಳಿದೆ. ಅವಳಿಗೆ ಸಿಟ್ಟು ಬಂತು. "ಕಾಸ್ರಿ ಅಂದಿ, ಕಾಸಿದ್ವಿ. ಬೆರಸಬ್ಯಾಡ್ರಿ ಅಂತ ಯಾವಾಗ ಅಂದಿ?" ಎಂದಳು. ಖರೆಯೇ, ಅಂದಿರಲಿಲ್ಲ. ಅವತ್ತಿನಿಂದ ಹೋದಲ್ಲಿ ಬಂದಲ್ಲಿ 'ಬೆರಸಬ್ಯಾಡ್ರಿ, ಬೆರಸಬ್ಯಾಡ್ರಿ' ಎಂದು ಜಪ ಮಾಡತೊಡಗಿದೆ.

ಅವತ್ತು ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತದ್ದನ್ನು ನೋಡಿ ಆಯಿಗೆ ಕನಿಕರವೂ ಬಂತು. ಒಲೆಯ ಕಡೆ ಕೈ ತೋರಿಸಿ ಹೇಳಿದಳು: "ಯಾಕ ಅಂಜ್ತಿ? ಭಾಂಡ್ಯಾಗ ನೀರು ಇನ್ನೂ ಕುದಿಯಾಕತ್ತೈತಿ. ಮ್ಯಾಲೆ ಒಂದೀಟು ಅದನ್ನೂ ಕುಡದಬಿಡು. ಒಳಗ ಹ್ವಾದ ಮ್ಯಾಲ ಸಮಾ ಆಕ್ಕೈತಿ."

ಸಮಪಾಲು

ಮಳೆ ನಿಂತ ಮೇಲೆ ಚಳಿಜ್ವರದ ಸರದಿ. ಆಯಿಯ ನಡುವಿನ ಮಗ ಹಾಸಿಗೆ ಹಿಡಿದ. ಡಾಕ್ಟರು ಕ್ವಿನೈನ್ ಔಷಧ ಬರೆದರು. ನಾನು ಬಾಟಲಿ ತುಂಬಿ, ಹೊತ್ತಿಗೆಷ್ಟು ಕುಡಿಯಬೇಕೆಂದು ತಿಳಿಯಲು ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಟ್ಟೆ. ಬಾಟಲಿ ಮುಗಿಯಿತು, ಜ್ವರ ಇಳಿಯಲಿಲ್ಲ. ಇನ್ನೊಂದು ಬಾಟಲಿ ಹೋಯಿತು. ಜ್ವರ ಹಾಗೇ ಇತ್ತು. ಡಾಕ್ಟರು ಚಷ್ಮಾದ ಮೇಲಿನಿಂದ ನನ್ನನ್ನು ನೋಡಿ, "ಕಂಪೌಂಡರ್, ಇದರಾಗ ಕ್ವಿನೈನ್ ಹಾಕೀರೋ ಇಲ್ಲೋ?" ಎಂದರು. ಆ ಮಾತು ನನ್ನ ಮನಸ್ಸಿಗೆ ಬಹಳ ಹತ್ತಿತು. ಔಷಧ ಕೊಡುವ ಹೊತ್ತು ನೋಡಿಕೊಂಡು ನೆಟ್ಟಗೆ ಚಾಳಿಗೆ ಹೋದೆ.

ಒಳಗೆ ಮನೆಮಂದಿಯೆಲ್ಲ ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ಕೂತಿದ್ದರು. ಹಿರಿಯ ಮಗ, ಅವನ ಹೆಂಡತಿ, ಕಿರಿಯ ಮಗ, ಅವನ ಹೆಂಡತಿ, ಕಡೆಗೆ ಕಂಬಳಿ ಹೊದ್ದು ನಡುಗುತ್ತಿದ್ದ ನಡುವಿನವನು. ಆಯಿ ಬಾಟಲಿ ಹಿಡಿದು ಗುಡಿಯಲ್ಲಿ ತೀರ್ಥ ಕೊಟ್ಟಂತೆ ಒಬ್ಬೊಬ್ಬರ ಅಂಗೈಗೆ ಹನಿಸುತ್ತ ಬರುತ್ತಿದ್ದಳು. ಕುಡಿದವರೆಲ್ಲ ಮುಖ ಕಿವುಚುತ್ತಿದ್ದರು, ಆದರೆ ಬೇಡವೆನ್ನುವವರು ಯಾರೂ ಇರಲಿಲ್ಲ.

"ಆಯಿ, ಜ್ವರ ಬಂದಿದ್ದು ಒಬ್ಬಗ ಅಲ್ರಿ?"

"ಹೌದು. ಆದ್ರ ಒಬ್ಬ ಮಗಗ ಕೊಟ್ಟು ಇನ್ನೊಬ್ಬಗ ಬಿಟ್ರ ನಾಳೆ ಮನಿ ಒಡೀತೈತಿ. ಮೊದಲನೇ ದಿನ ಇವಗೊಬ್ಬಗ ಕೊಟ್ಟಿದ್ದಕ್ಕ ಸಣ್ಣ ಸೊಸಿ ಮಾರಿ ಉಬ್ಬಿಸಿಕೊಂಡು ಕುಂತಿದ್ಲು." ಆಮೇಲೆ ನನ್ನನ್ನು ಸಮಾಧಾನಪಡಿಸುವ ದನಿಯಲ್ಲಿ ಹೇಳಿದಳು: "ನಿನ್ನ ಔಷಧ ಭಾಳ ಛಲೋ ಐತಿ ಬಿಡು. ಉಳಿದವರಿಗೆ ಯಾರಿಗೂ ಜ್ವರ ಬಂದಿಲ್ಲ. ಇವಗೊಬ್ಬಗ ಯಾಕೋ ನಾಟವಲ್ದು."

ಇಂಥ ಮನೆಯಲ್ಲಿ ವಾದ ಮಾಡಿ ಗೆಲ್ಲುವ ಹಾಗಿರಲಿಲ್ಲ. ಜ್ವರದವನಿಗೆ ಅವನ ಬಾಟಲಿ ಬೇರೆ ಮಾಡಿ, ಉಳಿದವರಿಗೆಂದು ಸಕ್ಕರೆ ಹಾಕಿದ ಸೋಂಪಿನ ನೀರಿನ ಬಾಟಲಿ ಇನ್ನೊಂದು ಕೊಟ್ಟೆ. ಮಗ ಗುಣವಾದ. ಆಯಿ ಮಾತ್ರ ಆ ಎರಡನೆಯ ಬಾಟಲಿಯ ರುಚಿ ನೋಡಿ, "ಕಹಿ ಇಲ್ಲ, ಕಸುವಿಲ್ಲ, ಇದೆಂಥಾ ಔಷಧ" ಎಂದು ಚಾಳಿನ ತುಂಬ ಹೇಳಿಕೊಂಡು ತಿರುಗಿದಳು. ಈ ಸಲ ಮಾರಿ ಉಬ್ಬಿಸಿದವನು ಜ್ವರದ ಮಗ. ಕೆಲಸಕ್ಕೆ ಹಾಜರಾದ ದಿನ ನೇರವಾಗಿ ದವಾಖಾನೆಗೆ ಬಂದು ಕೇಳಿದ: "ಎಲ್ಲಾರಿಗೂ ಸಿಹಿದು ಕೊಟ್ಟು ನನಗೊಬ್ಬಗ ಕಹಿದು ಯಾಕ ಕೊಟ್ರಿ? ನಾ ಏನ್ ತಪ್ಪು ಮಾಡಿದ್ದೆ?"

ಬಾವಿಯ ಬಣ್ಣ

ಬೇಸಿಗೆ ಬರುವ ಮುಂಚೆ ಬಾವಿಗಳಿಗೆ ಔಷಧ ಹಾಕುವ ಪದ್ಧತಿ. ಪರ್ಮಾಂಗನೇಟು ಎಂಬ ಪುಡಿ, ನೀರಿಗೆ ಬಿದ್ದರೆ ನೀರೆಲ್ಲ ಗುಲಾಬಿ ಕೆಂಪು. ಡಾಕ್ಟರು "ನಾಳೆ ಹಾಕಿಬಿಡ್ರಿ" ಎಂದರು. ನಾಳೆ ಏನೆಂದು ಅವರೂ ನೋಡಲಿಲ್ಲ, ನಾನೂ ನೋಡಲಿಲ್ಲ. ನಾಳೆ ರಂಗಪಂಚಮಿ.

ನಸುಕಿನಲ್ಲಿ ಎದ್ದು, ಡಾಕ್ಟರು ಕೊಟ್ಟ ಡಬ್ಬಿಯನ್ನು ಬಾವಿಗೆ ಸುರಿದು, ನೀರಿಗೆ ಬಂದಿದ್ದ ಒಬ್ಬ ಹೆಂಗಸಿಗೆ ಸಂಜೆತನಕ ಯಾರೂ ಸೇದಬಾರದೆಂದು ಹೇಳಿ ಮನೆಗೆ ಹೋದೆ. ಆಕೆ ಯಾರಿಗೆ ಏನು ಹೇಳಿದಳೋ ಗೊತ್ತಿಲ್ಲ. ಹೊತ್ತು ಏರುವುದರೊಳಗೆ ಚಾಳಿನ ತುಂಬ ಸುದ್ದಿ: ಈ ವರ್ಷ ಗಿರಣಿಯವರು ಹಬ್ಬಕ್ಕೆ ಬಾವಿ ತುಂಬ ಬಣ್ಣ ಕಲಸಿ ಕೊಟ್ಟಿದ್ದಾರೆ, ಪುಕ್ಕಟೆ.

ಹುಬ್ಬಳ್ಳಿಯ ಮಂದಿಗೆ ರಂಗಪಂಚಮಿಯ ಬಣ್ಣ ಸಿಕ್ಕರೆ ಕೇಳಬೇಕೆ. ಕೊಡಗಟ್ಟಲೆ ಸೇದಿದರು, ಒಬ್ಬರಿಗೊಬ್ಬರು ಸುರಿದರು. ಆಯಿಯೂ ಬಿಡದೆ ಸೊಸೆಯರ ಬೆನ್ನು ಹತ್ತಿದಳಂತೆ. ಮಧ್ಯಾಹ್ನದ ಹೊತ್ತಿಗೆ ಗುಲಾಬಿ ಬಣ್ಣವೆಲ್ಲ ಬಾಡಿ ಕಂದಾಯಿತು. ಧೋತರ ಕಂದು, ಮುಖ ಕಂದು, ಉಗುರು ಕಂದು. ಸೀಗೆಕಾಯಿಗೂ ಹೋಗಲಿಲ್ಲ, ಸಬಕಾರಕ್ಕೂ ಹೋಗಲಿಲ್ಲ.

ಮರುದಿನ ಭೋಂಗಾ ಊದಿದಾಗ ಗಿರಣಿಯ ಬಾಗಿಲಿಗೆ ಬಂದ ಮಂದಿಯನ್ನು ಕಂಡು ಮ್ಯಾನೇಜರ್ ಸಾಹೇಬರು ಹೌಹಾರಿದರು. ಅವರು ಹೊಸದಾಗಿ ಪರವೂರಿನಿಂದ ಬಂದವರು. ಇದು ಯಾವುದೋ ಹೊಸ ರೋಗವೆಂದು ತಿಳಿದು ಎಲ್ಲರನ್ನೂ ದವಾಖಾನೆಗೆ ಅಟ್ಟಿದರು. ಡಾಕ್ಟರು ಮೊದಲನೆಯವನ ನಾಲಿಗೆ ನೋಡಿದರು, ಕಣ್ಣಿನ ರೆಪ್ಪೆ ಎತ್ತಿ ನೋಡಿದರು. ಎರಡನೆಯವನದೂ ನೋಡಿದರು. ಆಮೇಲೆ ಬೀರುವಿನಿಂದ ದಪ್ಪ ಪುಸ್ತಕ ಇಳಿಸಿಕೊಂಡು ಕೂತರು. ನಾನು ಹತ್ತಿರ ಹೋಗಿ ಕಿವಿಯಲ್ಲಿ ಬಾವಿಯ ವಿಷಯ ಹೇಳಿದ ಮೇಲೆ ಪುಸ್ತಕ ಮುಚ್ಚಿ, ಬಹಳ ಗಂಭೀರವಾಗಿ, "ಎಲ್ಲಾರೂ ಲಿಂಬಿಹಣ್ಣಿನ ರಸ ಹಚ್ಚಿ ತಿಕ್ಕೋರಿ" ಎಂದು ಅಪ್ಪಣೆ ಕೊಟ್ಟರು.

ಆ ದಿನ ಆಯಿಗೆ ನಮ್ಮ ದವಾಖಾನೆಯ ಮೇಲೆ ಮೊದಲ ಸಲ ಗೌರವ ಹುಟ್ಟಿತು. "ಇದಕ್ಕ ಅನ್ನೂದು ಕಸುವಿನ ಔಷಧ" ಎಂದು ತನ್ನ ಕಂದು ಅಂಗೈ ಎಲ್ಲರಿಗೂ ತೋರಿಸಿದಳು. "ಮುಂದಿನ ವರ್ಷ ಹಳದಿದು ಸಿಕ್ಕರ ನೋಡ್ರಿ" ಎಂದು ಡಾಕ್ಟರಿಗೆ ಹೇಳಿಯೂ ಹೋದಳು.

ಸೂಜಿ

ಮುಂದೆ ಚಳಿಗಾಲದಲ್ಲಿ ಒಂದು ದಿನ ಪೇಟೆಯ ಕಾಳಿನ ಅಡತಿ ಅಂಗಡಿಯಲ್ಲಿ ಇಲಿ ಸತ್ತು ಬಿದ್ದವು. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ತಿಳಿಯಿತು. ಪ್ಲೇಗು ಊರಿಗೆ ಕಾಲಿಟ್ಟಿತ್ತು. ಕೆಲವು ಓಣಿಯವರು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಊರು ಬಿಟ್ಟರು. ಡಾಕ್ಟರು ಓಡಾಡಿ ಮುಂಬಯಿಯಿಂದ ಚುಚ್ಚುವ ಲಸಿಕೆ ತರಿಸಿದರು.

ನಾನು ಆಯಿಯ ಹತ್ತಿರ ಹೋದೆ. ಅವಳು ಮೊದಲ ಮಾತಿಗೇ, "ಆರಾಮ ಇದ್ದವರಿಗೆ ಔಷಧ ಯಾತಕ್ಕ?" ಎಂದಳು.

"ಅವತ್ತು ಜ್ವರ ಇಲ್ಲದವರಿಗೆಲ್ಲ ನೀವ ಕುಡಸಿದ್ರೆಲ್ರಿ?"

"ಅದು ಬಾಯಾಗ ಹಾಕೂದು. ಇದು ಚುಚ್ಚೂದು. ಎರಡೂ ಒಂದ ಏನು?" ಎಂದು ಸೆರಗು ಎಳೆದುಕೊಂಡು ಒಳಗೆ ಹೋದಳು. ಅವಳು ಹೋದ ಮೇಲೆ ಅಕ್ಕಪಕ್ಕದ ಬಾಗಿಲುಗಳೂ ಒಂದೊಂದಾಗಿ ಮುಚ್ಚಿದವು.

ನನಗೆ ಅವತ್ತು ನಿಜವಾಗಿ ಭಯವಾಯಿತು. ನೀರು ಬೆರಸಿದವರು, ಔಷಧ ಹಂಚಿಕೊಂಡವರು, ಬಾವಿಯ ನೀರಲ್ಲಿ ಹಬ್ಬ ಮಾಡಿದವರು, ಇವರೆಲ್ಲ ಅಷ್ಟರಲ್ಲಿ ನನ್ನ ಮನೆಮಂದಿಯಂತೆಯೇ ಆಗಿದ್ದರು. ಇವರಲ್ಲಿ ಒಬ್ಬರು ಹೋದರೂ ನನಗೆ ತಡೆಯುವ ಹಾಗಿರಲಿಲ್ಲ. ದಿನಾ ಹೋದೆ, ದಿನಾ ಗೋಗರೆದೆ. ಕಡೆಗೆ ಆಯಿ, "ರವಿವಾರ ನಿಮ್ಮ ಡಾಕ್ಟರನ್ನ ಕರಕೊಂಬಾ, ನೋಡೂಣು" ಎಂದಳು.

ರವಿವಾರ ಗಿರಣಿಗೆ ಸೂಟಿ. ಚಾಳಿನ ಅಂಗಳದಲ್ಲಿ ಎಲ್ಲರೂ ಊಟದ ಪಂಕ್ತಿಗೆ ಕೂತ ಹಾಗೆ ಸಾಲಾಗಿ ಕೂತಿದ್ದರು. ನಾನು ಸ್ಪಿರಿಟ್ ದೀಪದ ಮೇಲೆ ಸೂಜಿ ಕುದಿಸಿದೆ. ಡಾಕ್ಟರು ಅಂಗಿಯ ತೋಳು ಮಡಚಿ, ಸಾಲಿನ ಮೊದಲಿಗೆ ಕೂತಿದ್ದ ಆಯಿಯ ಮುಂದೆ ನಿಂತರು.

"ಮೊದಲ ನೀವು" ಎಂದಳು ಆಯಿ.

"ಏನಂದ್ರಿ?"

"ನೀವು ನಮ್ಮ ಅಂಗಳಕ್ಕ ಬಂದವರು. ಬಂದವರಿಗೆ ನೀಡಲಾರದ ನಾವು ಹೆಂಗ ಉಣ್ಣೂದ್ರಿ? ಮೊದಲ ನಿಮಗ ಆಗಲಿ."

ನನಗೆ ಚುಚ್ಚಿಸಿಕೊಂಡು ಆಗಿತ್ತು. ಗಿರಣಿಯ ಕಾರಕೂನರಿಗೂ ಆಗಿತ್ತು. ಆದರೆ ಎಲ್ಲರಿಗೂ ಚುಚ್ಚಿದ ಡಾಕ್ಟರಿಗೆ ಚುಚ್ಚುವವರು ಯಾರು? ಆ ವಿಚಾರ ಅಲ್ಲಿಯತನಕ ಯಾರಿಗೂ ಹೊಳೆದಿರಲಿಲ್ಲ. ಹೊಳೆಯದಿರಲೆಂದು ಡಾಕ್ಟರು ಸುಮ್ಮನಿದ್ದರೆಂದು ನನಗೆ ಅವರ ಮುಖ ನೋಡಿದಾಗ ತಿಳಿಯಿತು. ಹಣೆಯ ಮೇಲೆ ಬೆವರು ಒಡೆದಿತ್ತು. "ಲಗೂ ಮುಗಸ್ರಿ" ಎಂದು ಸಣ್ಣ ದನಿಯಲ್ಲಿ ಹೇಳಿ, ತೋಳು ನನ್ನ ಕಡೆ ಚಾಚಿ, ಕಣ್ಣು ಮುಚ್ಚಿಕೊಂಡರು.

ನಾನು ಚುಚ್ಚಿದೆ. ಡಾಕ್ಟರು ಒಂದು ಸಲ ನಕ್ಕಂತೆ ಮಾಡಿದರು. ಆಮೇಲೆ ನಿಂತಲ್ಲಿಂದಲೇ ಧೊಪ್ಪನೆ ಬಿದ್ದರು.

ಸಾಲಿನ ಕಡೆಯಲ್ಲಿ ಕೂತವರು ಮೆಲ್ಲಗೆ ಎದ್ದು ನಿಂತರು. ಇಷ್ಟು ದಿನದ ನನ್ನ ಒದ್ದಾಟವೆಲ್ಲ ನೀರುಪಾಲಾಯಿತು, ಇನ್ನು ಈ ಚಾಳನ್ನು ದೇವರೇ ಕಾಯಬೇಕು ಎಂದುಕೊಂಡೆ. ಆಯಿ ಎದ್ದು ಬಂದು ಡಾಕ್ಟರ ಮುಖಕ್ಕೆ ನೀರು ಚಿಮುಕಿಸಿದಳು. ಅವರು ಕಣ್ಣು ಬಿಟ್ಟದ್ದು ನೋಡಿ, ಚಾಳಿನ ಕಡೆ ತಿರುಗಿ ನಿಂತಳು.

"ಎಲ್ಲಿ ಹೊಂಟ್ರಿ? ಕುಂದರ್ರಿ. ಕಸುವಿನ ಔಷಧ ಅಂದ್ರ ಇದು. ತುಪ್ಪ ಉಂಡು ಬೆಳೆದ ಗಂಡಸನ್ನ ಒಂದ ಹೊಡತಕ್ಕ ಕೆಡವೈತಿ. ಇದರ ಮುಂದ ಆ ಪ್ಲೇಗಿಂದು ಏನ ನಡೀತೈತಿ?"

ಆಮೇಲೆ ಚುಚ್ಚಿ ಚುಚ್ಚಿ ನನಗೆ ಬಿಡುವೇ ಇರಲಿಲ್ಲ. ಹೇಗಿದ್ದರೂ ಬೀಳುವುದೇ ಇದೆ ಎಂದು ಎಲ್ಲರೂ ಮನೆಯಿಂದ ಚಾಪೆ, ಕೌದಿ, ತಲೆದಿಂಬು ತಂದು ಅಂಗಳದ ತುಂಬ ಹಾಸಿದರು. ಚುಚ್ಚಿಸಿಕೊಂಡವರು ತಮ್ಮ ತಮ್ಮ ಕೌದಿಯ ಮೇಲೆ ಹೋಗಿ, ಸೀರೆ ಧೋತರ ಸರಿಮಾಡಿಕೊಂಡು, ಕಣ್ಣು ಮುಚ್ಚಿ ಮಲಗಿದರು. ನಡುವೆ ಡಾಕ್ಟರೂ ಆಯಿಯ ಮನೆಯ ಕೌದಿಯ ಮೇಲೆ ಮಲಗಿದ್ದರು.

ಆ ಚಳಿಗಾಲ ಪ್ಲೇಗು ಹುಬ್ಬಳ್ಳಿಯಲ್ಲಿ ಬಹಳ ಮನೆಗಳ ದೀಪ ಆರಿಸಿತು. ನಮ್ಮ ಚಾಳಿನಲ್ಲಿ ಯಾರೂ ಹೋಗಲಿಲ್ಲ. ಅದನ್ನು ನೆನೆದರೆ ನನಗೆ ಇವತ್ತಿಗೂ ಕಣ್ಣು ತುಂಬಿ ಬರುತ್ತದೆ.

ಆದರೆ ಅವತ್ತು ಅಂಗಳದಲ್ಲಿ ನನ್ನ ಪಾಡೇ ಬೇರೆ ಇತ್ತು. ಎಲ್ಲರೂ ಮೂರ್ಛೆ ಬರುತ್ತದೆಂದು ಕಾಯುತ್ತ ಮಲಗಿದ್ದರು, ಬರಲಿಲ್ಲ. ಮಗ್ಗಲು ಬದಲಿಸಿದರು, ಆಗಲೂ ಬರಲಿಲ್ಲ. ಕಡೆಗೆ ಆಯಿ ಎದ್ದು, ಸೆರಗು ಬಿಗಿದುಕೊಂಡು, ನಾನಿದ್ದಲ್ಲಿಗೆ ಬಂದಳು.

"ತಮ್ಮಾ, ಡಾಕ್ಟರು ಧೊಪ್ಪಂತ ಬಿದ್ದ್ರು. ನಾವು ಇಷ್ಟು ಮಂದಿ ಮಲಗೇವಿ, ಒಬ್ಬರಿಗೂ ಬವಳಿ ಬರವಲ್ದು."

"ಎಲ್ಲಾರಿಗೂ ಅದ ಔಷಧನ ಹಾಕೇನ್ರಿ ಆಯಿ."

ಆಯಿ ನನ್ನನ್ನು ಮೇಲಿಂದ ಕೆಳಗಿನತನಕ ನೋಡಿದಳು. "ಬೆರಸಬ್ಯಾಡ್ರಿ, ಬೆರಸಬ್ಯಾಡ್ರಿ ಅಂತ ವರ್ಷಗಟ್ಟಲೆ ನಮ್ಮ ತಲಿ ತಿಂದಾಂವ ನೀನ" ಎಂದಳು. "ಈಗ ನಮ್ಮ ಪಾಲಿನ ಔಷಧಕ್ಕ ಎಷ್ಟು ನೀರು ಬೆರಸಿದಿ, ಖರೇ ಹೇಳು."