ಕಿರುಬೆರಳು ಉಳೀತು

ಎಡವಟ್ಟುಗಳು ನನ್ನನ್ನು ಹುಡುಕಿಕೊಂಡು ಬರುತ್ತವೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಖರೇ ಹೇಳಬೇಕೆಂದರೆ, ಬಹಳ ಸಲ ನಾನೇ ಅವುಗಳ ಮನೆಗೆ ಹೋಗಿ ಬಾಗಿಲು ಬಡಿದಿದ್ದೇನೆ. ಕೆಳಗಿನವು ಅಂಥವೇ.

೧. ಒಳ್ಳೆಯ ಹೆಸರು

ನಮ್ಮದು ಬ್ಯಾಡಗಿ. ಮಾರ್ಕೆಟ್ಟಿನಲ್ಲಿ ನಾನು ಮೆಣಸಿನಕಾಯಿ ಚೀಲದ ಬಾಯಿ ಹೊಲಿಯುತ್ತೇನೆ, ಅವ್ವ ಕಾಯಿಯ ತೊಟ್ಟು ಬಿಡಿಸುತ್ತಾಳೆ. ಬೇರೆ ಊರಿನವರು ಪಾಯಖಾನೆಗೆ ಹೋಗಿ ಬಂದ ಮೇಲೆ ಕೈ ತೊಳೆಯುತ್ತಾರೆ. ನಾವು ಹೋಗುವ ಮೊದಲೂ ತೊಳೆಯುತ್ತೇವೆ. ಯಾಕೆ ಅಂತ ಹೊಸ ಹಮಾಲರಿಗೆ ಒಂದೇ ಸಲಕ್ಕೆ ತಿಳಿಯುತ್ತದೆ.

ಹೀಗಾಗಿ, ಬಾಣಂತನಕ್ಕೆ ಬಂದ ಅಕ್ಕ ಕೂಸನ್ನು ಎತ್ತಿಕೊಳ್ಳುವ ಮೊದಲು ಕೈ ತೊಳೆದಾಗ ಓಣಿಯೆಲ್ಲ ಹೊಗಳಿತು. ಮೂರು ಸಲ ತೊಳೆದಾಗ "ಶಾಣ್ಯಾಕಿ" ಅಂದರು. ಹತ್ತು ಸಲ ತೊಳೆದಾಗ ಪಕ್ಕದ ಮನೆ ಅಜ್ಜಿ ತನ್ನ ಸೊಸೆಯನ್ನು ಕರೆದು, "ನೋಡಿ ಕಲಿ" ಅಂದಳು. ಅಕ್ಕ ಮೆಣಸಿನಕಾಯಿ ಮುಟ್ಟಿ ವರ್ಷದ ಮೇಲಾಗಿತ್ತು ಅನ್ನುವುದು ಯಾರಿಗೂ ಹೊಳೆಯಲಿಲ್ಲ. ಬೇರೆ ಊರಾಗಿದ್ದರೆ ಜಡ್ಡು ಅನ್ನುತ್ತಿದ್ದರೇನೋ. ನಮ್ಮೂರಲ್ಲಿ ಅವಳಿಗೆ ಬಂದದ್ದು ಒಳ್ಳೆಯ ಹೆಸರು.

೨. ಕಿರುಬೆರಳು

ನನಗೆ ಹೊಳೆದದ್ದು ಒಂದೇ: ಇದು ಭಾರಿ ಮಜಾ. ಅಕ್ಕ ನಳ ಬಂದ್ ಮಾಡಿ ಹೊರಟಳೋ, ಬಾಗಿಲಿಂದ ಕೂಗುತ್ತಿದ್ದೆ.

"ಅಕ್ಕಾ, ಕಿರುಬೆರಳು ಉಳೀತು!"

"ಖರೇನೇನೋ?"

"ಖರೇ. ಖಾರ ಅಲ್ಲೇ ಕುಂತೈತಿ."

ಅವಳು ವಾಪಸು ನಳ ತಿರುವುತ್ತಿದ್ದಳು. ಒಂದು ಸಂಜೆ ಗೆಳೆಯರನ್ನೂ ಕರೆದು ತೋರಿಸಿದೆ. ಹದಿನಾಲ್ಕು ಸಲ ಆಯಿತು. ಒಳಗೆ ಕೂಸು ಹಾಲಿಗೆ ಅಳುತ್ತಿತ್ತು. ಅಕ್ಕ ನಳದ ಮುಂದೆಯೇ ನಿಂತು, "ಬಂದೆ ನನ್ನ ಬಂಗಾರ, ಇದೊಂದ ಸಲ, ಬಂದೆ" ಅನ್ನುತ್ತಿದ್ದಳು. ಬೆರಳ ಸಂದಿ ಒಡೆದು ನೀರು ಕೆಂಪಾಯಿತು.

"ಬ್ಯಾಡಗಿ ಕಾಯಿ ಬಣ್ಣ ಬಿಟ್ಟಿತೋ!" ಅಂದ ಒಬ್ಬ ಗೆಳೆಯ.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಯಾರು ಅಂತ ಬೇರೆ ಹೇಳಬೇಕೇ?

೩. ಕ್ಯಾನಿನ ಆಧಾರ್

ರಾಣೆಬೆನ್ನೂರಲ್ಲಿರುವ ಗಂಡನ ಮನೆಗೆ ಅಕ್ಕನನ್ನು ಬಿಟ್ಟುಬರಲು ನಾನೇ ಹೊರಟೆ. ಅವಳು ದಾರಿಯಲ್ಲಿ ಕೈ ತೊಳೆಯಲು ಐದು ಲೀಟರ್ ಕ್ಯಾನಿನಲ್ಲಿ ನೀರು ತುಂಬಿಸಿಕೊಂಡಿದ್ದಳು. ಬಸ್ಸಿನ ಕಂಡಕ್ಟರ್ ಕ್ಯಾನು ನೋಡಿದ.

"ಏನೈತೋ ಇದರಾಗ?"

"ನೀರ್ರಿ."

"ರಾಣೆಬೆನ್ನೂರಾಗ ನೀರಿಲ್ಲೇನು? ಹೆಣ್ಮಕ್ಕಳಿಗೆ ಫ್ರೀ ಐತಿ, ಕ್ಯಾನಿಗಿಲ್ಲ ನೋಡು."

"ಕ್ಯಾನೂ ಹೆಣ್ಣ ರೀ. ಆಧಾರ್ ಮನ್ಯಾಗ ಬಿಟ್ಟು ಬಂದೈತಿ."

ಬಸ್ಸಿಗೆ ಬಸ್ಸೇ ನಕ್ಕಿತು, ನಾನು ಉಬ್ಬಿದೆ. ಹತ್ತುವಾಗ ಅಕ್ಕ ಸರಳು ಹಿಡಿದಿದ್ದಳು. ಬಸ್ಸಿನೊಳಗೆ ತೊಳೆಯಲು ಜಾಗವಿಲ್ಲ, ಇನ್ನು ಆ ಕೈಯಿಂದ ಕೂಸನ್ನು ಮುಟ್ಟುವ ಹಾಗಿರಲಿಲ್ಲ. ನನ್ನ ಕೈಯಲ್ಲಿ ಬ್ಯಾಗು, ಕ್ಯಾನು, ಕೂಸು ಮೂರೂ. ಪಕ್ಕದ ಸೀಟಿನ ಹೆಂಗಸು ಕನಿಕರಪಟ್ಟು ಕೂಸನ್ನು ಇಸಿದುಕೊಂಡಳು. ಊರು ಬರುವ ತನಕ ಅದು ಅವಳ ಎದೆಯ ಮೇಲೆ ನಿದ್ದೆ ಮಾಡಿತು.

ಇಳಿಯುವಾಗ ಕಂಡಕ್ಟರ್ ಆ ಹೆಂಗಸಿಗೆ ಹೇಳಿದ: "ಕೂಸು ಥೇಟ್ ನಿಮ್ಮಂಗ ಐತಿ ನೋಡ್ರಿ."

ಜನ ಮತ್ತೆ ನಕ್ಕರು. ಅಕ್ಕನೂ ನಕ್ಕಳು. ಕೆಳಗಿಳಿದು ಕ್ಯಾನಿನ ನೀರು ಕೈ ಮೇಲೆ ಸುರಿಸಿಕೊಳ್ಳುತ್ತ, "ಆಕಿನ್ನ ಅವ್ವ ಅಂದ್ಕೊಂಡ್ರಲ್ಲೋ" ಅಂದಳು.

ನನ್ನ ಬಾಯಲ್ಲಿ ಒಂದು ಜೋಕು ತಯಾರಿತ್ತು. ಹುಟ್ಟಿದಾಗಿನಿಂದ ಮೊದಲ ಸಲ ಒಂದನ್ನು ನುಂಗಿದೆ. ಇನ್ನೂ ಕರಗಿಲ್ಲ.

೪. ಹತ್ತನೇತ್ತ ಫೇಲ್

ಬಸ್ ಸ್ಟ್ಯಾಂಡಿಗೆ ಬಂದಿದ್ದ ಭಾವ ಅಕ್ಕನ ಕೈ ನೋಡಿದರು. ಮರುದಿನವೇ ಹಾವೇರಿಯ ಮನಸ್ಸಿನ ಡಾಕ್ಟರ ಹತ್ತಿರ ಕರೆದೊಯ್ದರು. ನಾನೂ ಹೋದೆ. ಡಾಕ್ಟರು ಕಂಪ್ಯೂಟರಿನಲ್ಲಿ ಒಂದು ಮಿದುಳಿನ ಚಿತ್ರ ತೋರಿಸಿದರು. ಅಲ್ಲಲ್ಲಿ ಕೆಂಪು, ಅಲ್ಲಲ್ಲಿ ನೀಲಿ.

"ಇದು ಅಕ್ಕನ ತಲಿ ಏನ್ರಿ?"

"ಅಲ್ಲಪಾ. ಬಹಳ ಮಂದೀದು ಸ್ಕ್ಯಾನ್ ಮಾಡಿ, ಕೂಡಿಸಿ ತಗದ ಚಿತ್ರ. ಒಬ್ಬರ ಚಿತ್ರ ನೋಡಿ ಈ ಜಡ್ಡು ಐತಿ ಅಂತ ಹೇಳಾಕ ಬರೂದಿಲ್ಲ. ಮಿದುಳಿನ ಭಾಗಗಳು ಒಂದಕ್ಕೊಂದು ಸುದ್ದಿ ಕಳಸ್ತಾವು. ಒಂದು ಭಾಗ 'ಏನೋ ತಪ್ಪೈತಿ' ಅಂತೈತಿ. ಇನ್ನೊಂದು 'ನೋಡಿದೆ, ಸಾಕು' ಅನ್ನಬೇಕು. ಇವರಿಗೆ ಆ ಸಾಕು ಅನ್ನೂದು ಸರಿಯಾಗಿ ಮುಟ್ಟೂದಿಲ್ಲ. ಮೊದಲಿನ ಸುದ್ದೀನ ಸುತ್ತು ಹೊಡೀತಿರ್ತೈತಿ."

ನನಗೆ ನಮ್ಮ ಮಾರ್ಕೆಟ್ಟಿನ ಲಾರಿ ನೆನಪಾಯಿತು. "ಲಾರಿ ಹಿಂದಕ್ಕ ಬರೂವಾಗ ಕ್ಲೀನರ್ 'ಬರ್ಲಿ, ಬರ್ಲಿ, ಹೋಲ್ಡಾನ್' ಅಂತಾನಲ್ರಿ. ಬರ್ಲಿ ಕೇಳ್ತೈತಿ, ಹೋಲ್ಡಾನ್ ಡ್ರೈವರ್‌ಗ ಕೇಳೂದಿಲ್ಲ. ಹಂಗೇನ್ರಿ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಎಲ್ಲೀ ತನಕ ಓದೀದಿ?"

"ಹತ್ತನೇತ್ತ ಫೇಲ್ರಿ."

"ಯಾವುದರಾಗ?"

"ವಿಜ್ಞಾನದಾಗ್ರಿ."

ನಗು ಮುಗಿದ ಮೇಲೆ ಅವರು ಅಂದರು: "ಮನ್ಯಾಗ ಯಾರರ ಹೊರಗ ನಿಂತು 'ಇನ್ನೂ ಬರ್ಲಿ' ಅಂತ ಕೂಗಿದ್ರ ಲಾರಿ ಗ್ವಾಡಿಗೆ ಬಡೀತೈತಿ. ಅಂಥವರು ಯಾರರ ಅದಾರೇನಮ್ಮಾ?"

ಅಕ್ಕ ನನ್ನ ಕಡೆ ನೋಡಲೂ ಇಲ್ಲ. "ಇಲ್ರಿ" ಅಂದಳು.

"ಆ ಕ್ಲೀನರ್ ನಾನ ರೀ" ಅಂದೆ.

ಡಾಕ್ಟರು ಗುಳಿಗೆ ಬರೆದರು, ಒಂದು ಅಭ್ಯಾಸ ಹೇಳಿದರು: ಒಂದೇ ಸಲ ಕೈ ತೊಳೆದು ಕೂಸನ್ನು ಎತ್ತಿಕೊಳ್ಳಬೇಕು, ಹೆದರಿಕೆ ಏರುತ್ತದೆ, ತೊಳೆಯದೆ ತಡೆದುಕೊಂಡರೆ ತಾನೇ ಇಳಿಯುತ್ತದೆ. 'ಕೈ ಸ್ವಚ್ಛ ಆದ್ವೇನು' ಅಂತ ಅಕ್ಕ ಕೇಳಿದರೆ ಮನೆಯವರು ಹೌದೂ ಅನ್ನಬಾರದು, ಇಲ್ಲಾನೂ ಅನ್ನಬಾರದು.

"ನಿನ್ನ ಕೆಲಸ ಬಾಯಿ ಮುಚ್ಚಿಕೊಂಡು ಇರೂದು" ಅಂದರು ನನಗೆ.

"ಅದಕ್ಕೂ ಗುಳಿಗಿ ಅದಾವೇನ್ರಿ?"

೫. ಗುಂಟೂರು

ಗುಳಿಗೆ ಇರಲಿಲ್ಲ. ಅದಕ್ಕೇ ಅಕ್ಕ ನಮ್ಮ ಮನೆಗೆ ಬಂದಾಗಲೆಲ್ಲ, ಅಭ್ಯಾಸದ ಹೊತ್ತಿಗೆ ನಾನು ಬಾಯಿ ತುಂಬ ನೀರು ತುಂಬಿಕೊಂಡು ಕೂರುತ್ತಿದ್ದೆ. ಮೊದಮೊದಲು ಅವಳು ಸೋಲುತ್ತಿದ್ದಳು, ಆರು ಸಲ, ಐದು ಸಲ ತೊಳೆದೇ ಬಿಡುತ್ತಿದ್ದಳು.

ಒಂದು ಮಧ್ಯಾಹ್ನ ಮಾರ್ಕೆಟ್ಟಿನಿಂದ ಓಡಿ ಬಂದೆ. ಅವತ್ತು ಹೊಲಿದದ್ದು ಗುಂಟೂರು ಕಾಯಿಯ ಚೀಲ. ನಮ್ಮ ಕಾಯಿಗೆ ಬಣ್ಣ ಜಾಸ್ತಿ, ಗುಂಟೂರಿಗೆ ಖಾರ ಜಾಸ್ತಿ. ಹೊತ್ತಾಗಿತ್ತು, ಲಗೂನೇ ಬಾಯಿಗೆ ನೀರು ತುಂಬಿಕೊಂಡು ಕೂತೆ.

ಅಕ್ಕ ಒಂದು ಸಲ ತೊಳೆದಳು. ನಳ ಬಂದ್ ಮಾಡಿದಳು. ತೊಟ್ಟಿಲ ಮುಂದೆ ನಿಂತಳು. ಕೂಸು ಎರಡೂ ಕೈ ಚಾಚಿತು. ಅಕ್ಕನ ಕೈ ಅರ್ಧಕ್ಕೆ ಹೋಗಿ ನಿಂತಿತು. "ಸ್ವಚ್ಛ ಅದಾವೇನೋ ತಮ್ಮಾ? ಒಂದು ಮಾತು ಹೇಳೋ. ಕಿರುಬೆರಳು ಉಳೀತೇನೋ?"

ನನ್ನದೇ ಮಾತು. ನನ್ನ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡೆ.

ಬ್ಯಾಡಗಿಯಲ್ಲಿ ಹುಟ್ಟಿ, ಗುಂಟೂರು ಹಿಡಿದ ಕೈಯಿಂದ ಕಣ್ಣು ಒರೆಸಿಕೊಂಡವನು ನಾನೊಬ್ಬನೇ ಇರಬೇಕು. ಬಾಯಲ್ಲಿದ್ದ ನೀರು ಗೋಡೆಗೆ ಹಾರಿತು, ಚೀರುತ್ತ ಅಂಗಳದಲ್ಲಿ ಕುಣಿದೆ. ಕೂಸು ಬೆಚ್ಚಿ ಕಿಟಾರನೆ ಕಿರುಚಿತು. ಅಕ್ಕ ಬಾಚಿ ಎತ್ತಿಕೊಂಡು ಬಗಲಲ್ಲಿ ಇಟ್ಟವಳೇ ನನ್ನ ಹಿಂದೆ ಓಡಿಬಂದು ನಳ ತಿರುವಿದಳು.

ನಾನು ತೊಳೆದೆ. ಉರಿ ಹೋಗಲಿಲ್ಲ. ಮತ್ತೆ ತೊಳೆದೆ. ಗದ್ದಲ ಕೇಳಿ ಅದೇ ಗೆಳೆಯರು ಬಂದು ಸಾಲಾಗಿ ನಿಂತು ಎಣಿಸತೊಡಗಿದರು. "ಎಂಟು... ಒಂಬತ್ತು... ಕಿರುಬೆರಳು ಉಳೀತಲೇ!" ನಾನು ಖರೇನೇ ಕಿರುಬೆರಳು ನೋಡಿಕೊಂಡೆ.

ಆ ಸಂಜೆ ಅಕ್ಕ ಮತ್ತೆ ಮೂರು ಸಲ ಕೈ ತೊಳೆದಳು. ಜಡ್ಡು ಒಂದು ದಿನಕ್ಕೆ ಎದ್ದು ಹೋಗುವ ನೆಂಟ ಅಲ್ಲ. ಆದರೆ ನಾನು ನಳದ ಮುಂದೆ ಕುಣಿಯುತ್ತಿದ್ದ ಆ ಹೊತ್ತಿಗೆ, ಕೂಸು ಬಗಲಲ್ಲಿ ಅವಳ ಸೆರಗು ಚೀಪುತ್ತ ಕೂತಿತ್ತು, ಅವಳಿಗೆ ತನ್ನ ಕೈಯ ನೆನಪೇ ಇರಲಿಲ್ಲ. ಹನ್ನೊಂದನೇ ಸಲ ನಾನು ನಳಕ್ಕೆ ಕೈ ಹಾಕಿದಾಗ ನಗು ತಡೆಯಲಾರದೆ ನನ್ನ ರಟ್ಟೆ ಹಿಡಿದು ಎಳೆದಳು.

"ಸಾಕೋ ಯಪ್ಪಾ, ಎಷ್ಟ ಸಲ ತೊಳೀತಿ? ಹೋಲ್ಡಾನ್!"